‘ಮರಗೆಸು’ ಪದವೇ? – ಟಿವಿಯ ಪದ-ಸಂಖ್ಯೆ ಪಂದ್ಯವನ್ನು ತರಗತಿಗೆ ತಂದ ಅನುಭವ

ಪೀಠಿಕೆ

ಬೋಧನಾಭ್ಯಾಸದ ಅವಧಿಯಲ್ಲಿ ನಾನು ಮಾಡಿದ ಒಂದು ಪಾಠದ ವರದಿ ಇದು. ಪಾಠಯೋಜನೆಯಲ್ಲಿ ಬರೆದಂತೆ ಎಲ್ಲವೂ ನಡೆಯಿತು. ಸಮಯಕ್ಕೆ ಸರಿಯಾಗಿ ಮುಗಿಯಿತು, ಮಕ್ಕಳು ಖುಷಿಪಟ್ಟರು, ಗೆದ್ದವರಿಗೆ ಬಹುಮಾನವೂ ಸಿಕ್ಕಿತು. ಆದರೂ ಆ ಪಾಠದಲ್ಲಿ ನಾನೊಂದು ತಪ್ಪು ತೀರ್ಪು ಕೊಟ್ಟೆ. ಅದರಿಂದ ಕಲಿತದ್ದು ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾಗಬಹುದೆಂದು ಬರೆಯುತ್ತಿದ್ದೇನೆ.

ನನಗೆ ಮತ್ತು ಗಣಿತ ಬೋಧನಾ ವಿಷಯದ ನನ್ನ ಸಹಪಾಠಿಗೆ ಸಿಕ್ಕಿದ್ದು ಆಲೂರು ತಾಲ್ಲೂಕಿನ ಒಂದು ಪ್ರೌಢಶಾಲೆಯ ಒಂಬತ್ತನೇ ತರಗತಿ. ನಾನು ಅರಸೀಕೆರೆ ಕಡೆಯವನು, ತೆಂಗು ರಾಗಿ ನೋಡಿ ಬೆಳೆದವನು. ಆಲೂರು ಅದೇ ಹಾಸನ ಜಿಲ್ಲೆಯಾದರೂ ಸಕಲೇಶಪುರದ ಕಡೆಗೆ ಹೋದಂತೆ ನೆಲ, ಮಳೆ, ಊಟ, ಮಾತು ಎಲ್ಲವೂ ಬದಲಾಗುತ್ತವೆ. ಈ ಸಣ್ಣ ಸಂಗತಿಯನ್ನು ನಾನು ಪಾಠಯೋಜನೆಯಲ್ಲಿ ಗಣನೆಗೆ ತೆಗೆದುಕೊಂಡಿರಲಿಲ್ಲ.

ಆಟದ ಮೂಲ

ಟಿವಿ ರಸಪ್ರಶ್ನೆ ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ದೂರದರ್ಶನ ಚಂದನದ ‘ಥಟ್ ಅಂತ ಹೇಳಿ’. 2002ರ ಜನವರಿಯಲ್ಲಿ ಆರಂಭವಾದ ಈ ಕಾರ್ಯಕ್ರಮವನ್ನು ವೈದ್ಯರೂ ಲೇಖಕರೂ ಆದ ಡಾ. ನಾ. ಸೋಮೇಶ್ವರ ಅವರು ನಡೆಸಿಕೊಂಡು ಬಂದಿದ್ದಾರೆ. ಸರಿಯುತ್ತರ ಹೇಳಿದವರಿಗೆ ಅಲ್ಲಿ ಹಣವಲ್ಲ, ಪುಸ್ತಕ ಬಹುಮಾನ. ಉತ್ತರ ಬಂದ ಮೇಲೆ ಅದರ ಹಿನ್ನೆಲೆಯ ವಿವರಣೆಯೂ ಬರುತ್ತದೆ. ಈ ಎರಡು ಅಂಶಗಳನ್ನು ನಾವು ಅಲ್ಲಿಂದ ತೆಗೆದುಕೊಂಡೆವು.

ಪಂದ್ಯದ ಚೌಕಟ್ಟನ್ನು ಮಾತ್ರ ಹೊರದೇಶದ ಕಾರ್ಯಕ್ರಮದಿಂದ ತಂದೆವು. ಫ್ರಾನ್ಸಿನ ಟಿವಿಯಲ್ಲಿ 1965ರಲ್ಲಿ ಅರ್ಮಾಂ ಜಾಮೊ ಎಂಬವರು ಅತಿ ಉದ್ದದ ಪದ ಕಟ್ಟುವ ಆಟವೊಂದನ್ನು ಶುರುಮಾಡಿದರು. 1972ರಲ್ಲಿ ಅದಕ್ಕೆ ಸಂಖ್ಯೆಗಳ ಸುತ್ತೂ ಸೇರಿತು. ಅದೇ ಮಾದರಿಯಲ್ಲಿ ಬ್ರಿಟನ್ನಿನ ಚಾನೆಲ್ 4 ವಾಹಿನಿ ತನ್ನ ಮೊದಲ ದಿನವಾದ 1982ರ ನವೆಂಬರ್ 2ರಂದು ‘ಕೌಂಟ್‌ಡೌನ್’ ಆರಂಭಿಸಿತು. ಅದರ ನಿಯಮಗಳು ಸರಳ:

1. ಪದದ ಸುತ್ತಿನಲ್ಲಿ ಒಂಬತ್ತು ಅಕ್ಷರ, 30 ಸೆಕೆಂಡು. ಉದ್ದದ ಪದ ಹೇಳಿದವರಿಗೆ ಅಕ್ಷರಕ್ಕೆ ಒಂದರಂತೆ ಅಂಕ. ಇಬ್ಬರದೂ ಸಮ ಉದ್ದವಾದರೆ ಇಬ್ಬರಿಗೂ ಅಂಕ.
2. ಸಂಖ್ಯೆಯ ಸುತ್ತಿನಲ್ಲಿ ಆರು ಸಂಖ್ಯೆಗಳಿಂದ ಕೂಡಿ, ಕಳೆದು, ಗುಣಿಸಿ, ಭಾಗಿಸಿ ಮೂರಂಕಿಯ ಗುರಿಯನ್ನು ಮುಟ್ಟಬೇಕು. ಕೊಟ್ಟ ಪ್ರತಿ ಸಂಖ್ಯೆಯನ್ನು ಒಮ್ಮೆ ಮಾತ್ರ ಬಳಸಬಹುದು. ಸರಿಯಾಗಿ ಮುಟ್ಟಿದರೆ 10, 5ರ ಅಂತರದೊಳಗಿದ್ದರೆ 7, 10ರೊಳಗಿದ್ದರೆ 5 ಅಂಕ. ಗುರಿಗೆ ಹೆಚ್ಚು ಹತ್ತಿರ ಬಂದವರಿಗೆ ಮಾತ್ರ ಅಂಕ.
3. ಕೊನೆಯಲ್ಲಿ ಅಕ್ಷರ ಕಲಸಿದ ಒಂದು ಪದ. ಮೊದಲು ಬಿಡಿಸಿದವರಿಗೆ ಅಂಕ.

ಅಲ್ಲಿ ಸತತ ಎಂಟು ಪಂದ್ಯ ಗೆದ್ದವರು ನಿವೃತ್ತರಾಗುತ್ತಾರೆ. ಒಂದು ಸರಣಿಯ ಅತ್ಯುತ್ತಮ ಎಂಟು ಮಂದಿ ಕ್ವಾರ್ಟರ್ ಫೈನಲ್, ಸೆಮಿಫೈನಲ್ ಆಡಿ ಕೊನೆಗೆ ಚಾಂಪಿಯನ್ ಯಾರೆಂದು ತೀರ್ಮಾನವಾಗುತ್ತದೆ. ಹೇಳಿದ ಪದ ನಿಜವಾಗಿಯೂ ಇದೆಯೇ ಎಂದು ನೋಡಲು ವೇದಿಕೆಯ ಪಕ್ಕದಲ್ಲೇ ಒಂದು ‘ನಿಘಂಟಿನ ಮೂಲೆ’ ಇರುತ್ತದೆ. 1992ರಿಂದ ಅಲ್ಲಿ ಕುಳಿತಿರುವ ಸೂಸಿ ಡೆಂಟ್ ಎಂಬ ನಿಘಂಟುಕಾರ್ತಿ ಪದವನ್ನು ಒಪ್ಪುವುದು, ಬಿಡುವುದು ಮಾತ್ರವಲ್ಲ, ಅದರ ಹುಟ್ಟನ್ನೂ ಹೇಳುತ್ತಾರೆ. ನಿಯಮಗಳನ್ನು ತಂದ ನಾವು ಈ ಮೂಲೆಯನ್ನು ತರಲು ಮರೆತೆವು.

ಕನ್ನಡಕ್ಕೆ ಹೊಂದಿಸಿದ ಬಗೆ

ಹಳೆಯ ಲಗ್ನಪತ್ರಿಕೆಗಳ ರಟ್ಟು ಕತ್ತರಿಸಿ ಬಿಲ್ಲೆ ಮಾಡಿದೆವು. ಖರ್ಚು ಒಂದು ಮಾರ್ಕರ್ ಪೆನ್ನಿನದು ಮಾತ್ರ.

ಇಂಗ್ಲಿಷಿನಲ್ಲಿ ಇರುವುದು 26 ಅಕ್ಷರ, ಸ್ವರ ವ್ಯಂಜನಗಳೆರಡೂ ಬಿಡಿಬಿಡಿ. ಕನ್ನಡದಲ್ಲಿ 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49. ಅದರ ಮೇಲೆ ಕಾಗುಣಿತ, ಒತ್ತಕ್ಷರ. ಮೊದಲ ಪ್ರಯತ್ನದಲ್ಲಿ ‘ಕಿ’, ‘ಗೊ’, ‘ಮೈ’ ಎಂದು ಪೂರ್ಣ ಗುಣಿತಾಕ್ಷರಗಳನ್ನೇ ಬರೆದೆವು. ಒಂಬತ್ತು ಬಿಲ್ಲೆ ತೆಗೆದರೆ ಎರಡಕ್ಷರದ ಪದ ಹುಟ್ಟುವುದೂ ಕಷ್ಟವಾಯಿತು. ಎರಡನೇ ಪ್ರಯತ್ನದಲ್ಲಿ ವ್ಯಂಜನಗಳನ್ನು ಮಾತ್ರ ಬರೆದು ಈ ನಿಯಮ ಮಾಡಿಕೊಂಡೆವು:

– ಕಾಗುಣಿತ ಉಚಿತ. ‘ಗ’ ಬಿಲ್ಲೆ ಇದ್ದರೆ ಅದನ್ನು ಗಾ, ಗಿ, ಗೆ ಏನಾದರೂ ಮಾಡಿಕೊಳ್ಳಬಹುದು.
– ಒತ್ತಕ್ಷರಕ್ಕೂ ಬಿಲ್ಲೆ ಬೇಕು. ‘ಅಕ್ಕಿ’ ಎನ್ನಲು ಎರಡು ‘ಕ’ ಬೇಕು.
– ಪದದ ಮೊದಲಿನ ಸ್ವರ ಮತ್ತು ಸೊನ್ನೆ ಉಚಿತ, ಆದರೆ ಅವಕ್ಕೆ ಅಂಕವಿಲ್ಲ.
– ವಿಭಕ್ತಿ ಪ್ರತ್ಯಯ, ಬಹುವಚನ ಹಚ್ಚಿ ಪದವನ್ನು ಉದ್ದ ಮಾಡುವಂತಿಲ್ಲ. ಸಮಾಸ ಪದ ಆಗಬಹುದು.

ಇನ್ನೊಂದು ತೊಡಕು ಉಳಿದಿತ್ತು. ಪ್ರತಿ ವ್ಯಂಜನಕ್ಕೆ ಒಂದೇ ಬಿಲ್ಲೆ ಮಾಡಿದ್ದರಿಂದ ಡಬ್ಬಿಗೆ ಕೈಹಾಕಿದಾಗಲೆಲ್ಲ ಝ, ಠ, ಘ ಬರುತ್ತಿದ್ದವು. ಇದನ್ನು ಸಹಪಾಠಿ ಗಣಿತ ಪಾಠಕ್ಕೆ ತಿರುಗಿಸಿಕೊಂಡಳು. ಪಠ್ಯಪುಸ್ತಕದ ಒಂದು ಪುಟದಲ್ಲಿ ಯಾವ ವ್ಯಂಜನ ಎಷ್ಟು ಸಲ ಬರುತ್ತದೆಂದು ಮಕ್ಕಳಿಂದಲೇ ಎಣಿಸಿ ಆವೃತ್ತಿ ವಿತರಣಾ ಪಟ್ಟಿ ಮಾಡಿಸಿದಳು. ನ, ರ, ದ, ತ, ಲ ಮುಂದಿದ್ದವು. ಙ, ಞ ಬಿಡಿಯಾಗಿ ಒಂದೂ ಸಿಗಲಿಲ್ಲ. ಆ ಪಟ್ಟಿಯಂತೆ ಬಿಲ್ಲೆಗಳ ಸಂಖ್ಯೆ ಹೆಚ್ಚುಕಡಿಮೆ ಮಾಡಿದೆವು. ಆವೃತ್ತಿ ಎಂದರೇನೆಂದು ಆ ಮಕ್ಕಳಿಗೆ ಮತ್ತೆ ಹೇಳಬೇಕಾಗಲಿಲ್ಲ.

30 ಸೆಕೆಂಡು ಸಾಲಲಿಲ್ಲ, ಒಂದು ನಿಮಿಷ ಮಾಡಿದೆವು. ಹಾಜರಿ ಸಂಖ್ಯೆಯ ಸರದಿಯಲ್ಲಿ ನಾಲ್ಕು ತಂಡ ಮಾಡಿ ಹೇಮಾವತಿ, ಯಗಚಿ, ವಾಟೆಹೊಳೆ, ಎತ್ತಿನಹೊಳೆ ಎಂದು ಹೆಸರಿಟ್ಟೆವು.

ಸಂಖ್ಯೆಯ ಸುತ್ತಿಗೆ ಒಂದು ಮಾದರಿ

ಪಂದ್ಯಕ್ಕೆ ಮೊದಲು ಸಹಪಾಠಿ ‘ಕೌಂಟ್‌ಡೌನ್’ನಲ್ಲಿ 1997ರಲ್ಲಿ ಬಂದ ಹೆಸರಾಂತ ಲೆಕ್ಕವೊಂದನ್ನು ಕರಿಹಲಗೆಯ ಮೇಲೆ ಬರೆದಳು. ಸಂಖ್ಯೆಗಳು 25, 50, 75, 100, 3, 6, ಗುರಿ 952.

‘106 ಅನ್ನು 9ರಿಂದ ಗುಣಿಸಿದರೆ 954. ಅದರಲ್ಲಿ 2 ಕಳೆದರೆ 952’ ಎಂದು ಮಕ್ಕಳೇ ಹೇಳಿದರು. 106 ಎಂದರೆ 100+6. 9 ಬೇಕಾದರೆ 75×3÷25. 2 ಬೇಕಾದರೆ 50÷25. ಆದರೆ 25 ಇರುವುದು ಒಂದೇ. ಇಲ್ಲಿ ಎಲ್ಲರೂ ನಿಂತರು. ಎರಡೂ ಕಡೆ 25ರಿಂದ ಭಾಗಿಸುವುದಾದರೆ ಅದನ್ನು ಕೊನೆಗೆ ಒಟ್ಟಿಗೆ ಒಮ್ಮೆಯೇ ಮಾಡಬಹುದಲ್ಲ ಎಂಬ ಸುಳಿವು ಕೊಟ್ಟ ಮೇಲೆ ದಾರಿ ಕಂಡಿತು: 106×3 = 318; 318×75 = 23850; 50 ಕಳೆದರೆ 23800; 25ರಿಂದ ಭಾಗಿಸಿದರೆ 952. ಆ ದಿನದ ಸ್ಪರ್ಧಿ ಮಾಡಿದ್ದೂ ಇದನ್ನೇ. ಸಾಮಾನ್ಯ ಭಾಜಕವನ್ನು ಹೊರಗೆ ತೆಗೆಯುವುದು ಏಕೆಂದು ಕೇಳುತ್ತಿದ್ದ ಮಕ್ಕಳಿಗೆ ಅದು ಯಾವಾಗ ಬೇಕಾಗುತ್ತದೆ ಎಂಬುದಕ್ಕೆ ಇದು ಒಳ್ಳೆಯ ಉತ್ತರವಾಯಿತು.

ಅಂತಿಮ ಪಂದ್ಯ

ಸೆಮಿಫೈನಲ್ ಗೆದ್ದು ಹೇಮಾವತಿ, ಯಗಚಿ ತಂಡಗಳು ಫೈನಲ್‌ಗೆ ಬಂದವು. ಅಂದು ಬೆಳಗ್ಗೆಯಿಂದ ಬಿಡದೆ ಮಳೆ. ಕರೆಂಟ್ ಇರಲಿಲ್ಲ. ಬಾಗಿಲ ಬೆಳಕಿಗೆ ಬೆಂಚು ಎಳೆದುಕೊಂಡು ಕುಳಿತೆವು. ಹಿಂದಿನ ಬೆಂಚಿನಲ್ಲಿ ಶಾಲೆಯ ಕನ್ನಡ ಶಿಕ್ಷಕಿ ವೀಕ್ಷಣಾ ಹಾಳೆ ಹಿಡಿದು ಕುಳಿತಿದ್ದರು.

ಮೊದಲ ಪದದಲ್ಲಿ ಎರಡೂ ತಂಡಕ್ಕೆ ನಾಲ್ಕು ನಾಲ್ಕು ಅಂಕ. ಎರಡನೆಯದು ಸಂಖ್ಯೆ: 75, 50, 9, 8, 3, 2, ಗುರಿ 607. ಹೇಮಾವತಿ ತಂಡ 9ಕ್ಕೆ 3 ಕೂಡಿ 50ರಿಂದ ಗುಣಿಸಿ 600 ಮಾಡಿ, 8 ಸೇರಿಸಿ 608ಕ್ಕೆ ನಿಂತಿತು. ಯಗಚಿ ತಂಡ 75×8 = 600, ಅದಕ್ಕೆ 9 ಕೂಡಿ 2 ಕಳೆದು 607 ಮುಟ್ಟಿತು. ಮೂರನೆಯ ಸುತ್ತಿನಲ್ಲಿ ಹೇಮಾವತಿ ಮಾತ್ರ ಗುರಿ ಮುಟ್ಟಿ 10 ಅಂಕ ಪಡೆಯಿತು. ಈಗ 14–14. ಉಳಿದಿದ್ದು ಒಂದು ಪದ.

ಡಬ್ಬಿಯಿಂದ ಬಂದ ಬಿಲ್ಲೆಗಳು: ಮ, ರ, ಗ, ಸ, ಲ, ನ, ಡ, ಬ, ಹ.

ನಿಮಿಷ ಮುಗಿಯಿತು. ಹೇಮಾವತಿ ‘ಹಾಡುಗಾರ’ ಎಂದಿತು, ನಾಲ್ಕು ಬಿಲ್ಲೆ. ಯಗಚಿ ತಂಡದಲ್ಲಿ ಸ್ವಲ್ಪ ಪಿಸುಗುಟ್ಟುವಿಕೆ ನಡೆದು, ಮೂರು ವಾರದಲ್ಲಿ ತಾನಾಗಿ ಒಮ್ಮೆಯೂ ಬಾಯಿ ಬಿಡದ ಒಬ್ಬ ಹುಡುಗಿ ಎದ್ದು ನಿಂತಳು. ಅವಳ ತಾಯಿ ಕಾಫಿ ತೋಟದ ಕೆಲಸಕ್ಕೆ ಹೋಗುವವರು.

‘ಮರಗೆಸು, ಸರ್.’

ನಾನು ಆ ಪದ ಕೇಳಿರಲಿಲ್ಲ. ಜೇಬಿನ ಗಾತ್ರದ ನಿಘಂಟು ತಿರುವಿದೆ, ಇರಲಿಲ್ಲ. ‘ಹಾಗೊಂದು ಪದ ಇಲ್ಲಮ್ಮ’ ಎಂದೆ.

‘ಐತೆ ಸರ್. ನಮ್ ಹಿತ್ಲು ಹಲಸಿನ ಮರದ ಮೇಲೆ ಐತೆ.’

ತರಗತಿ ನಕ್ಕಿತು. ನಾನೂ ನಕ್ಕೆ. ‘ಮರದ ಮೇಲಿದ್ದರೆ ಸಾಲದು, ನಿಘಂಟಿನಲ್ಲಿ ಇರಬೇಕು’ ಎಂದು ಹೇಳಿ ಹೇಮಾವತಿ ತಂಡ 18–14ರಿಂದ ಗೆದ್ದಿತೆಂದು ಸಾರಿದೆ. ಚಂದನದ ಮಾದರಿಯಲ್ಲಿ ಪುಸ್ತಕ ಕೊಟ್ಟೆವು. ಚಪ್ಪಾಳೆಯಾಯಿತು. ಆ ಹುಡುಗಿ ಕುಳಿತವಳು ಬೆಲ್ ಹೊಡೆಯುವವರೆಗೆ ತಲೆ ಎತ್ತಲಿಲ್ಲ.

ವೀಕ್ಷಣಾ ಹಾಳೆಯ ಒಂದು ಸಾಲು

ಸಂಜೆ ಶಿಕ್ಷಕಿ ಕೊಟ್ಟ ಹಾಳೆಯಲ್ಲಿ ಧ್ವನಿ, ಕರಿಹಲಗೆ ಬಳಕೆ, ಸಮಯಪಾಲನೆಗೆಲ್ಲ ಒಳ್ಳೆಯ ಷರಾ ಇತ್ತು. ಕೊನೆಯಲ್ಲಿ ಒಂದು ಪ್ರಶ್ನೆ: ‘ಮಳೆ + ಕಾಲ = ಮಳೆಗಾಲ. ಮರ + ಕೆಸು = ?’

ಹಿಂದಿನ ವಾರ ಅದೇ ತರಗತಿಗೆ ಆದೇಶ ಸಂಧಿ ಕಲಿಸಿದವನು ನಾನೇ. ಉತ್ತರಪದದ ಆದಿಯಲ್ಲಿರುವ ಕ, ತ, ಪಗಳಿಗೆ ಗ, ದ, ಬಗಳು ಆದೇಶವಾಗಿ ಬರುತ್ತವೆ ಎಂದು ಬಾಯಿಪಾಠ ಮಾಡಿಸಿದ್ದೆ. ಮಳೆಗಾಲ, ಬೆಟ್ಟದಾವರೆ, ಕಂಬನಿ ಎಂದು ಎಲ್ಲರೂ ಕೊಡುವ ಉದಾಹರಣೆಗಳನ್ನೇ ಕೊಟ್ಟಿದ್ದೆ. ಅದೇ ಸಂಧಿಯ ಹೊಸ ಉದಾಹರಣೆಯನ್ನು ಒಬ್ಬ ವಿದ್ಯಾರ್ಥಿನಿ ತಾನಾಗಿ ಎದ್ದು ನಿಂತು ಹೇಳಿದಾಗ ನಾನು ನಕ್ಕು ಕೂರಿಸಿದ್ದೆ.

ಶಿಕ್ಷಕಿ ವಿವರಿಸಿದರು. ಕೆಸುವಿನ ಜಾತಿಯದೇ ಆದ ಈ ಗಿಡ ಮಳೆಗಾಲದಲ್ಲಿ ಮರದ ಕಾಂಡ, ಕೊಂಬೆಗಳ ಮೇಲೆ ಚಿಗುರುತ್ತದೆ. ಅದರ ಎಲೆಗೆ ಹುಳಿ, ಖಾರ ಸೇರಿಸಿ ರುಬ್ಬಿದ ಅಕ್ಕಿಹಿಟ್ಟು ಸವರಿ, ಸುತ್ತಿ, ಬೇಯಿಸಿದರೆ ಪತ್ರೊಡೆ. ಹುಳಿ ಹಾಕುವುದು ನಾಲಿಗೆ ತುರಿಸದಿರಲೆಂದು. ‘ನಿಮ್ಮ ಕಡೆ ಮರದ ಮೇಲೆ ಬೆಳೆಯೋದಿಲ್ಲ, ಅದಕ್ಕೆ ಗೊತ್ತಾಗಿಲ್ಲ. ಆದ್ರೆ ಗೊತ್ತಿಲ್ಲ ಅನ್ನೋದಕ್ಕೂ ಇಲ್ಲ ಅನ್ನೋದಕ್ಕೂ ವ್ಯತ್ಯಾಸ ಇದೆಯಲ್ಲ?’ ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಮರುದಿನ

ಮರುದಿನ ತರಗತಿಯಲ್ಲಿ ಮೊದಲು ನನ್ನ ತಪ್ಪು ಹೇಳಿದೆ. ‘ಮರ + ಕೆಸು’ ಎಂದು ಕರಿಹಲಗೆಯ ಮೇಲೆ ಬರೆದು, ಮುಂದಿನದನ್ನು ಆ ಹುಡುಗಿಯನ್ನೇ ಕೇಳಿದೆ. ಅವಳು ‘ಆದೇಶ ಸಂಧಿ’ ಎಂದಳು. ಯಗಚಿಗೆ ನಾಲ್ಕು ಅಂಕ ಸೇರಿಸಿ 18–18 ಮಾಡಿದೆ.

ಹೇಮಾವತಿ ತಂಡ ಒಪ್ಪಲಿಲ್ಲ. ‘ನಿನ್ನೆ ಬುಕ್ ಕೊಟ್ಟಾಗಿದೆ ಸರ್’ ಎಂದು ಒಬ್ಬ ವಾದಿಸಿದ. ಅವನ ಮಾತಿನಲ್ಲೂ ನ್ಯಾಯವಿತ್ತು. ನನ್ನ ತಪ್ಪಿಗೆ ಅವರೇಕೆ ದಂಡ ತೆರಬೇಕು? ಕೊಟ್ಟ ಪುಸ್ತಕ ಅವರಲ್ಲೇ ಇರಲಿ, ಸಮ ಬಂದ ಪಂದ್ಯಕ್ಕೆ ಕಲಸಿದ ಪದದಿಂದ ತೀರ್ಮಾನವಾಗಲಿ ಎಂದೆ. ಬರೆದದ್ದು: ತ, ನಾಂ, ರ, ಸ, ಮಾ. ಹೇಮಾವತಿಯ ಹುಡುಗನೊಬ್ಬ ಕ್ಷಣದಲ್ಲಿ ‘ಸಮಾನಾಂತರ’ ಎಂದು ಕೂಗಿದ. ಗೆದ್ದ ತಂಡ ಬದಲಾಗಲಿಲ್ಲ. ಆದರೆ ಈ ಸಲ ಯಗಚಿಯವರೂ ಚಪ್ಪಾಳೆ ತಟ್ಟಿದರು. ಹಿಂದಿನ ದಿನ ಅವರು ತಟ್ಟಿರಲಿಲ್ಲವೆಂಬುದು ಆಗ ನನಗೆ ಹೊಳೆಯಿತು.

ನಂತರ ಅದೇ ಒಂಬತ್ತು ಬಿಲ್ಲೆಗಳನ್ನು ಗಡಿಯಾರವಿಲ್ಲದೆ ಎಲ್ಲರ ಮುಂದಿಟ್ಟೆ. ಐದು ಬಿಲ್ಲೆಯ ‘ಸಲಹೆಗಾರ’ ಸಿಕ್ಕಿತು. ಫೈನಲ್‌ನ ಒಂದು ನಿಮಿಷದಲ್ಲಿ ಅದು ಯಾರಿಗೂ ಕಂಡಿರಲಿಲ್ಲ, ನನಗೂ ಕೂಡ.

ಆ ವಾರ ಗೋಡೆಗೆ ‘ನಮ್ಮ ಊರ ನಿಘಂಟು’ ಎಂಬ ಹಾಳೆ ಅಂಟಿಸಿದೆವು. ಮನೆಯಲ್ಲಿ ಬಳಸುವ, ಪುಸ್ತಕದಲ್ಲಿ ಕಾಣದ ಪದ, ಅದರ ಅರ್ಥ, ಹೇಳಿದ ಹಿರಿಯರು ಯಾರು ಎಂದು ಮೂರು ಕಲಂ. ಕಳಲೆ (ಎಳೆ ಬಿದಿರು), ಕೊಪ್ಪೆ (ಮಳೆಗೆ ತಲೆಯ ಮೇಲೆ ಮಡಚಿ ಹೊದೆಯುವ ಕಂಬಳಿ ಅಥವಾ ಗೋಣಿ), ಗೊರಬು (ನಾಟಿ ಮಾಡುವಾಗ ಬೆನ್ನಿಗೆ ಹಾಕುವ ಮಳೆಮರೆ) – ಹೀಗೆ ಬಂದವು. ಮರಗೆಸುವಿಗೆ ‘ಹೇಳಿದವರು: ಅವ್ವ’ ಎಂದಿತ್ತು.

ಮುಂದಿನ ಪ್ರಶಿಕ್ಷಣಾರ್ಥಿಗಳಿಗೆ

1. ಬಿಲ್ಲೆಗಳ ಸಂಖ್ಯೆಯನ್ನು ಮಕ್ಕಳಿಂದಲೇ ಎಣಿಸಿ ನಿಗದಿ ಮಾಡಿಸಿ. ಆಟದ ತಯಾರಿಯೇ ಒಂದು ಪಾಠವಾಗುತ್ತದೆ.
2. ಗಡಿಯಾರ ಪಂದ್ಯಕ್ಕೆ ಮಾತ್ರ ಇರಲಿ. ಪಂದ್ಯ ಮುಗಿದ ಮೇಲೆ ಅದೇ ಪದವನ್ನು, ಲೆಕ್ಕವನ್ನು ನಿಧಾನವಾಗಿ ಮತ್ತೊಮ್ಮೆ ಮಾಡಿಸಿ.
3. ಉತ್ತರ ಸರಿಯಾದರೂ ತಪ್ಪಾದರೂ ‘ಹೇಗೆ ಹೊಳೆಯಿತು?’ ಎಂದು ಕೇಳಿ. 608 ಎಂದವರ ದಾರಿಯೂ ಕಲಿಯುವಂತಹುದೇ.
4. ಗೊತ್ತಿಲ್ಲದ ಪದ ಬಂದರೆ ‘ಇಲ್ಲ’ ಎನ್ನಬೇಡಿ. ‘ನಾಳೆ ನೋಡೋಣ’ ಎಂದು ತೀರ್ಪನ್ನು ಕಾಯ್ದಿರಿಸಿ. ಅರ್ಥ ಹೇಳಿ ವಾಕ್ಯದಲ್ಲಿ ಬಳಸಲು ಮಗುವಿಗೆ ಅವಕಾಶ ಕೊಡಿ.
5. ನಿಘಂಟಿನ ಮೂಲೆಯನ್ನು ಬಿಡಬೇಡಿ. ಅಲ್ಲಿ ದೊಡ್ಡ ನಿಘಂಟಿನ ಜೊತೆಗೆ ಊರಿನ ಮಾತು ಬಲ್ಲ ಇಬ್ಬರು ಮಕ್ಕಳನ್ನೂ ಕೂರಿಸಿ.

ಐದನೆಯ ಸಲಹೆ ನನ್ನದಲ್ಲ. ನಾವು ಶಾಲೆ ಬಿಡುವ ಮುನ್ನ ಇನ್ನೊಂದು ಸುತ್ತು ಪಂದ್ಯ ಆಡಿಸಿದೆವು. ಶುರುವಾಗುವ ಮೊದಲು ಆ ಹುಡುಗಿ ಮೇಜಿನ ಬಳಿ ಬಂದು ಕೇಳಿದಳು: ‘ಸರ್, ಈ ಸಲ ನಾನು ಆಡಲ್ಲ. ಪದ ಐತೋ ಇಲ್ವೋ ನೋಡೋಕೆ ಕೂತ್ಕಳ್ಲಾ?’ ನಿಘಂಟನ್ನು ಅವಳ ಕೈಗೆ ಕೊಟ್ಟೆ.