ಉತ್ತರಾಧಿಕಾರ ಯೋಜನೆಯಲ್ಲಿ ವಿವೇಚನಾ ಟ್ರಸ್ಟ್: ತೆರಿಗೆಯ ಹೊಣೆ

1985ರಲ್ಲಿ ಎಸ್ಟೇಟ್ ಡ್ಯೂಟಿ ರದ್ದಾದ ಮೇಲೆ ವಾರಸಾಗಿ ಬರುವ ಆಸ್ತಿಗೆ ನಮ್ಮ ದೇಶದಲ್ಲಿ ಮರಣ ತೆರಿಗೆಯಿಲ್ಲ. ಆದರೂ ಟ್ರಸ್ಟ್ ರಚಿಸುವ ವರ್ತಕರು ಆದಾಯ ತೆರಿಗೆಯನ್ನು ಮರೆಯುವಂತಿಲ್ಲ. ಯಾವ ಫಲಾನುಭವಿಗೆ ಎಷ್ಟು ಪಾಲೆಂಬುದನ್ನು ಟ್ರಸ್ಟಿಗಳ ವಿವೇಚನೆಗೆ ಬಿಟ್ಟಲ್ಲಿ ಆ ಆದಾಯಕ್ಕೆ ಸಾಮಾನ್ಯವಾಗಿ ಗರಿಷ್ಠ ದರ ಅನ್ವಯಿಸುತ್ತದೆ. ಮೂಲ ವಿನಾಯಿತಿ ಮಿತಿಯ ಲಾಭ ದೊರೆಯದು. 1961ರ ಕಾಯ್ದೆಯ 164ನೇ ಕಲಮಿನ ಈ ತತ್ವ 2025ರ ಕಾಯ್ದೆಯಲ್ಲಿಯೂ ಮುಂದುವರಿದಿದೆ.

ಮಾನ್ವಿಯಲ್ಲಿ ಅಕ್ಕಿ ಗಿರಣಿ, ರಾಯಚೂರು ನಗರದಲ್ಲಿ ಬಾಡಿಗೆ ಮಳಿಗೆಗಳು, ದೇವದುರ್ಗದಲ್ಲಿ ಹೊಲ, ಇವೆಲ್ಲವನ್ನೂ ಸ್ವಯಾರ್ಜಿತವಾಗಿ ಹೊಂದಿರುವ ವರ್ತಕರೊಬ್ಬರನ್ನು ಉದಾಹರಣೆಗೆ ಭಾವಿಸೋಣ. ಹೊಲದ ಕೃಷಿ ಆದಾಯಕ್ಕೆ ವಿನಾಯಿತಿ ಇರುವುದರಿಂದ ಚಿಂತೆಯಿಲ್ಲ. ಮಳಿಗೆಗಳನ್ನು ಮರಣಶಾಸನದ ಮೂಲಕ, ಹಾಗೆ ರಚಿಸಿದ ಏಕಮಾತ್ರ ಟ್ರಸ್ಟ್‌ಗೆ ಬಿಟ್ಟರೆ ಬಾಡಿಗೆಗೆ ಹಂತವಾರು ದರ ದೊರೆಯುತ್ತದೆ. ಗಿರಣಿಯನ್ನೂ ಅದಕ್ಕೇ ಸೇರಿಸಿದರೆ? ವ್ಯಾಪಾರದ ಲಾಭ ಬೆರೆತೊಡನೆ, ಫಲಾನುಭವಿಗಳೆಲ್ಲರೂ ಜೀವನೋಪಾಯಕ್ಕೆ ಆ ವರ್ತಕರನ್ನೇ ಅವಲಂಬಿಸಿದ ಬಂಧುಗಳಾಗಿರದ ಹೊರತು, ಬಾಡಿಗೆಗೂ ಗರಿಷ್ಠ ದರ ತಗಲುತ್ತದೆ. ಸ್ವತಂತ್ರವಾಗಿ ದುಡಿಯುವ ಮಗನ ಹೆಸರನ್ನು ಪ್ರೀತಿಯಿಂದ ಸೇರಿಸುವವರು ಎಡವುವುದು ಇಲ್ಲಿಯೇ. ಗಿರಣಿಗೆಂದು ಅದೇ ಮರಣಶಾಸನದಲ್ಲಿ ಎರಡನೆಯ ಟ್ರಸ್ಟ್ ಮಾಡಿದರೆ ‘ಏಕಮಾತ್ರ’ ಎಂಬ ಷರತ್ತೇ ಮುರಿಯುತ್ತದೆ. ಇಂತಹ ಸಂದರ್ಭದಲ್ಲಿ ಗಿರಣಿಯನ್ನು ಟ್ರಸ್ಟಿನಿಂದ ಹೊರಗಿಟ್ಟು ಮಗನಿಗೆ ನೇರವಾಗಿ ಬರೆಯುವುದು ಲೇಸು.