ಫೋನು ಯಾರ ಹೆಸರಿನಲ್ಲಿದೆ: ಜಮಖಂಡಿ ಸೀಮೆಯ ಒಂದು ಅನುಭವ

ಕಳೆದುಹೋದ ಸ್ಮಾರ್ಟ್‌ಫೋನು ಮರಳಿ ಕೈಸೇರಬೇಕಾದರೆ ಅದನ್ನು ಹುಡುಕುವ ತಂತ್ರಾಂಶಕ್ಕಿಂತ ಮೊದಲು ಅದು ಯಾರದೆಂದು ತೋರಿಸುವ ದಾಖಲೆ ಬೇಕು ಎಂಬುದು, ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲೂಕುಗಳಲ್ಲಿ ಫೋನು ಕಳೆದುಕೊಂಡ ಅನೇಕರಿಗೆ ಪೊಲೀಸ್ ಠಾಣೆಯ ಮೇಜಿನ ಮುಂದೆ ನಿಂತಾಗಲೇ ಅರಿವಿಗೆ ಬರುತ್ತದೆ. ತಂತ್ರಾಂಶ ಕಂಪನಿಗಳು ಒಬ್ಬ ಒಡೆಯನಿಂದ ಇನ್ನೊಬ್ಬನಿಗೆ ಹೋಗುವಾಗಲೂ ಕೊನೆಗೆ ನಿರ್ಣಾಯಕವಾಗುವುದು ದಾಖಲೆಯೇ. ಕಟ್ಟಿದವರು ಯಾರು, ದುಡಿದವರು ಯಾರು ಎಂಬ ಪ್ರಶ್ನೆಗಳು ಆ ಹೊತ್ತಿಗೆ ಹಿಂದೆ ಸರಿದಿರುತ್ತವೆ. ಈ ಎರಡು ವಿಷಯಗಳಿಗೆ ಮೇಲುನೋಟಕ್ಕೆ ಸಂಬಂಧ ಕಾಣದಿದ್ದರೂ, ಈ ಸೀಮೆಯ ಜನರ ಕೈಯಲ್ಲಿರುವ ಫೋನನ್ನು ಹುಡುಕಿಕೊಡುವ ತಂತ್ರಾಂಶವೇ ಹಾಗೆ ಕೈ ಬದಲಿಸಿದ ಒಂದು ಸಣ್ಣ ಕಂಪನಿಯಿಂದ ಬೆಳೆದು ಬಂದದ್ದಾದ್ದರಿಂದ, ಎರಡನ್ನೂ ಒಟ್ಟಿಗೆ ನೋಡುವುದು ಅನುಚಿತವಾಗಲಾರದು.

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನೀರಿನ ಈ ಪ್ರದೇಶದಲ್ಲಿ ಫೋನು ಕಳೆಯುವ ಬಗೆಗೂ ಇಲ್ಲಿನ ದುಡಿಮೆಗೂ ನಂಟಿದೆ. ಸಕ್ಕರೆ ಕಾರ್ಖಾನೆಗಳು ಚಾಲೂ ಆದ ಮೇಲೆ ಕಬ್ಬು ಕಡಿಯುವ ಗ್ಯಾಂಗುಗಳು ಹೊಲದಿಂದ ಹೊಲಕ್ಕೆ ಸಾಗುತ್ತವೆ, ಟ್ರ್ಯಾಕ್ಟರುಗಳು ರಾತ್ರಿಯಿಡೀ ಕಾರ್ಖಾನೆಯ ಮುಂದೆ ಸರದಿ ಹಚ್ಚಿ ನಿಲ್ಲುತ್ತವೆ. ಬಾಗಿ ಕಬ್ಬು ಕಡಿಯುವವನ ಅಂಗಿಯ ಕಿಸೆಯಿಂದ ಜಾರಿದ ಫೋನು ಕಬ್ಬಿನ ಒಣಗರಿಯ ರವದಿಯೊಳಗೆ ಹುದುಗಿದರೆ ಅದು ಮಣ್ಣು ಸೇರಿತೋ ಮತ್ತೊಬ್ಬರ ಕಿಸೆ ಸೇರಿತೋ ಹೇಳುವುದು ಕಷ್ಟ. ಬನಹಟ್ಟಿ ಮತ್ತು ರಬಕವಿಯ ವಿದ್ಯುತ್ ಮಗ್ಗಗಳ ಶೆಡ್ಡುಗಳಲ್ಲಂತೂ ಮಗ್ಗದ ಸಪ್ಪಳಕ್ಕೆ ಪಕ್ಕದಲ್ಲಿ ನಿಂತವರ ಮಾತೇ ಕೇಳಿಸದಿರುವುದರಿಂದ, ಕಳೆದ ಫೋನಿಗೆ ಬೇರೆ ಫೋನಿನಿಂದ ಕರೆ ಮಾಡಿ ಸದ್ದಿನ ಜಾಡು ಹಿಡಿಯುವ ಸುಲಭ ದಾರಿಯೂ ಅಲ್ಲಿ ಮುಚ್ಚಿರುತ್ತದೆ. ಉಳಿದವು ಬಸ್ ನಿಲ್ದಾಣಗಳು, ವಾರದ ಸಂತೆಗಳು ಮತ್ತು ಜಾತ್ರೆಗಳು. ಇವುಗಳಲ್ಲಿ ಕಳವಿಗೂ ಕಳೆದುಹೋಗುವುದಕ್ಕೂ ನಡುವಿನ ಗೆರೆ ತೆಳುವಾದದ್ದು.

ಫೋನನ್ನು ಹುಡುಕುವ ಮೊದಲ ದಾರಿ ಆಂಡ್ರಾಯ್ಡ್ ಮೂಲಕ ಸಾಗುತ್ತದೆ. ಆಂಡ್ರಾಯ್ಡ್ ಎಂದರೆ ಫೋನಿನ ಕಾರ್ಯಾಚರಣಾ ವ್ಯವಸ್ಥೆ, ಅಂದರೆ ಫೋನಿನ ಯಂತ್ರಭಾಗ ಮತ್ತು ಅದರಲ್ಲಿ ಬಳಸುವ ಆ್ಯಪ್‌ಗಳ ನಡುವೆ ನಿಂತು ಎಲ್ಲವನ್ನೂ ನಡೆಸುವ ಮೂಲ ತಂತ್ರಾಂಶ. ಆ್ಯಂಡಿ ರೂಬಿನ್, ರಿಚ್ ಮೈನರ್, ನಿಕ್ ಸಿಯರ್ಸ್ ಮತ್ತು ಕ್ರಿಸ್ ವೈಟ್ ಎಂಬ ನಾಲ್ವರು 2003ರಲ್ಲಿ ಅಮೆರಿಕದ ಪಾಲೊ ಆಲ್ಟೊದಲ್ಲಿ ಸ್ಥಾಪಿಸಿದ ಆಂಡ್ರಾಯ್ಡ್ ಕಂಪನಿಯ ಆರಂಭಿಕ ಆಲೋಚನೆ ಫೋನಿನದಾಗಿರಲಿಲ್ಲ, ಡಿಜಿಟಲ್ ಕ್ಯಾಮೆರಾಗಳದಾಗಿತ್ತು. 2005ರಲ್ಲಿ ಗೂಗಲ್ ಇದನ್ನು ಕೊಂಡಾಗ ಅದೊಂದು ದೊಡ್ಡ ಸುದ್ದಿಯೂ ಆಗಲಿಲ್ಲ. ಹೊಸ ಒಡೆಯನು ತಂತ್ರಾಂಶವನ್ನು ಫೋನು ತಯಾರಕರಿಗೆ ಬೆಲೆಯಿಲ್ಲದೆ ಕೊಟ್ಟು, ತನ್ನ ಆದಾಯವನ್ನು ಜಾಹೀರಾತು ಮತ್ತು ಆ್ಯಪ್ ಮಾರುಕಟ್ಟೆಯಲ್ಲಿ ಹುಡುಕಿಕೊಂಡ ಲೆಕ್ಕಾಚಾರದಿಂದಾಗಿ, 2008ರಲ್ಲಿ ಒಂದೇ ಒಂದು ಮಾದರಿಯ ಫೋನಿನೊಂದಿಗೆ ಮಾರುಕಟ್ಟೆಗೆ ಬಂದ ಆಂಡ್ರಾಯ್ಡ್ ಇಂದು ಭಾರತದಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಸ್ಮಾರ್ಟ್‌ಫೋನುಗಳನ್ನು ನಡೆಸುತ್ತಿದೆ. ಈ ಬೆಳವಣಿಗೆಗೆ ಮತ್ತೊಂದು ಮುಖವೂ ಉಂಟು: ಮಾರುಕಟ್ಟೆಯ ಹಿಡಿತವನ್ನು ದುರುಪಯೋಗ ಮಾಡಿಕೊಂಡದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2022ರ ಅಕ್ಟೋಬರಿನಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು.

ಫೋನು ಕಳೆದುಕೊಂಡವರಿಗೆ ಈ ಒಡೆತನದ ಬದಲಾವಣೆಯಿಂದ ಆದ ನೇರ ಪ್ರಯೋಜನ 2013ರಲ್ಲಿ ಕಾಣಿಸಿಕೊಂಡಿತು. ಆ ವರ್ಷ ಗೂಗಲ್ ಆರಂಭಿಸಿದ ಆಂಡ್ರಾಯ್ಡ್ ಡಿವೈಸ್ ಮ್ಯಾನೇಜರ್ ಸೇವೆಯು 2017ರಲ್ಲಿ ಫೈಂಡ್ ಮೈ ಡಿವೈಸ್ ಎಂದೂ 2025ರಲ್ಲಿ ಫೈಂಡ್ ಹಬ್ ಎಂದೂ ಹೆಸರು ಬದಲಿಸಿಕೊಂಡಿತಾದರೂ ಅದರ ಕೆಲಸ ಬದಲಾಗಿಲ್ಲ: ಬೇರೊಂದು ಫೋನಿನಲ್ಲಿಯೋ ಕಂಪ್ಯೂಟರಿನಲ್ಲಿಯೋ ಅದೇ ಗೂಗಲ್ ಖಾತೆಗೆ ಪ್ರವೇಶಿಸಿದರೆ ಕಳೆದ ಫೋನು ನಕ್ಷೆಯ ಮೇಲೆ ಕಾಣುತ್ತದೆ, ಅದನ್ನು ಸದ್ದು ಮಾಡಿಸಬಹುದು, ಬೀಗ ಹಾಕಬಹುದು, ಒಳಗಿನದನ್ನೆಲ್ಲ ಅಳಿಸಬಹುದು. ಸೇವೆಯು ಫೋನು ತಯಾರಿಸಿದ ಕಂಪನಿಯನ್ನು ಅವಲಂಬಿಸದೆ ಗೂಗಲ್ ಖಾತೆಯ ಮೇಲೆ ನಿಂತಿರುವುದರಿಂದ, ಆರು ಸಾವಿರದ ಫೋನಿಗೂ ಅರವತ್ತು ಸಾವಿರದ ಫೋನಿಗೂ ಅದು ಸಮಾನವಾಗಿ ದೊರೆಯುತ್ತದೆ. ಇದರ ಮಿತಿಯನ್ನು ಮುಧೋಳದವರಿಗೆ ವಿವರಿಸುವುದು ಸುಲಭ. ಮುಧೋಳ ನಾಯಿ ಮುಖ್ಯವಾಗಿ ಕಣ್ಣಿನ ಬಲದಿಂದ ಬೇಟೆಯಾಡುವ ತಳಿ. ಮೊಲ ಬಯಲಿನಲ್ಲಿ ಓಡುತ್ತಿರುವವರೆಗೆ ಅದನ್ನು ಮೀರಿಸುವವರಿಲ್ಲ, ಪೊದೆಯೊಳಗೆ ಹೊಕ್ಕರೆ ನಾಯಿಯ ಆಟ ಅಲ್ಲಿಗೆ ಮುಗಿಯಿತು. ಫೋನು ಚಾಲೂ ಇದ್ದು, ಇಂಟರ್ನೆಟ್ ಸಂಪರ್ಕದಲ್ಲಿ ಇರುವವರೆಗೆ ಗೂಗಲ್‌ನ ಸೇವೆ ಚುರುಕಾಗಿ ಕೆಲಸ ಮಾಡುತ್ತದೆ. ಸಿಮ್ ಕಿತ್ತು ಫೋನನ್ನು ಬಂದ್ ಮಾಡಿದ ಮೇಲೆ ನಕ್ಷೆಯಲ್ಲಿ ಉಳಿಯುವುದು ಹೆಚ್ಚಾಗಿ ಕೊನೆಗೆ ಕಂಡ ಜಾಗ ಮಾತ್ರ.

ಇದಕ್ಕಿಂತ ದೊಡ್ಡ ತೊಡಕು ತಂತ್ರಾಂಶದಲ್ಲಿಲ್ಲ, ಖಾತೆಯಲ್ಲಿದೆ. ಈ ಊರುಗಳಲ್ಲಿ ಹೊಸ ಫೋನು ಕೊಂಡಾಗ ಗೂಗಲ್ ಖಾತೆಯನ್ನು ತೆರೆಯುವವನು ಅನೇಕ ವೇಳೆ ಅಂಗಡಿಯ ಹುಡುಗ. ಅವನು ಆ ಕ್ಷಣಕ್ಕೆ ಹೊಳೆದ ಹೆಸರನ್ನೂ ಪಾಸ್‌ವರ್ಡನ್ನೂ ಹಾಕಿ ಫೋನನ್ನು ಕೈಗಿಡುತ್ತಾನೆ, ಕೊಂಡವರು ಅದನ್ನು ಕೇಳುವುದೂ ಇಲ್ಲ, ಬರೆದುಕೊಳ್ಳುವುದೂ ಇಲ್ಲ. ಆಂಡ್ರಾಯ್ಡ್‌ನಲ್ಲಿ 2015ರಿಂದ ಇರುವ ಒಂದು ರಕ್ಷಣಾ ವ್ಯವಸ್ಥೆಯ ಪ್ರಕಾರ, ಕದ್ದವನು ಫೋನನ್ನು ಪೂರ್ತಿ ಅಳಿಸಿ ಹೊಸದರಂತೆ ಮಾಡಿದರೂ ಮೊದಲಿದ್ದ ಗೂಗಲ್ ಖಾತೆಯ ವಿವರ ಅಥವಾ ಪರದೆಯ ಬೀಗದ ಸಂಖ್ಯೆ ಕೊಡದೆ ಅದು ತೆರೆದುಕೊಳ್ಳುವುದಿಲ್ಲ; ಖಾತೆ ಯಾವುದೆಂದು ತಿಳಿಯದ ನಿಜವಾದ ಯಜಮಾನನೂ ಹೀಗೆ ಅಳಿಸಿದ ತನ್ನ ಫೋನಿನ ಎದುರು ಕಳ್ಳನಷ್ಟೇ ಅಸಹಾಯಕನಾಗುತ್ತಾನೆ.

ಪ್ರಸ್ತುತ ಲೇಖಕನು ಹತ್ತಿರದಿಂದ ಕಂಡ ಬನಹಟ್ಟಿಯ ನೇಕಾರ ಕುಟುಂಬವೊಂದರ ಪ್ರಸಂಗದಲ್ಲಿ ಈ ತೊಡಕಿನ ಎಲ್ಲ ಎಳೆಗಳೂ ಇದ್ದವು. ಫೋನು ಬಳಸುತ್ತಿದ್ದವಳು ತಾಯಿ. ಅದನ್ನು ಆನ್‌ಲೈನಿನಲ್ಲಿ ಕೊಂಡು ಕಳಿಸಿದವನು ಬೆಂಗಳೂರಿನ ತಂತ್ರಾಂಶ ಕಂಪನಿಯೊಂದರಲ್ಲಿರುವ ಮಗ, ಆದ್ದರಿಂದ ಬಿಲ್ಲು ಅವನ ಹೆಸರಿನಲ್ಲಿತ್ತು. ಸಿಮ್ ತಂದೆಯ ಹೆಸರಿನಲ್ಲಿತ್ತು. ಖಾತೆಯನ್ನು ಅಂಗಡಿಯವನು ತೆರೆದಿದ್ದನು. ಜಮಖಂಡಿಗೆ ಹೋಗುವ ಬಸ್ಸಿನಲ್ಲಿ ಫೋನು ಹೋದಾಗ ಠಾಣೆಯಲ್ಲಿ ಕೇಳಿದ ಮೊದಲ ಪ್ರಶ್ನೆ “ಬಿಲ್ ಐತೇನ್ರಿ? ಡಬ್ಬಿ ಆದ್ರೂ ಐತೇನ್ರಿ?” ಎಂಬುದು. ಡಬ್ಬಿ ಮನೆಯಲ್ಲೇ ಇತ್ತು, ಸೂಜಿ, ಗುಂಡಿ, ರವಿಕೆಯ ಹುಕ್ಕುಗಳನ್ನು ತುಂಬಿಡಲು ಬಳಕೆಯಾಗುತ್ತಿತ್ತು. ಅದರ ಬದಿಗೆ ಅಂಟಿಸಿದ ಚೀಟಿಯಲ್ಲಿ ಹದಿನೈದು ಅಂಕಿಗಳ ಎರಡು ಸಂಖ್ಯೆಗಳು, ಒಂದರ ಕೊನೆಯ ಅಂಕಿಗಳು ಎಣ್ಣೆಗೈ ತಾಗಿ ಮಸುಕಾಗಿದ್ದರೂ, ಓದುವಂತಿದ್ದವು. ಮುಂದಿನದೆಲ್ಲ ಆ ಚೀಟಿಯಿಂದಲೇ ಸಾಧ್ಯವಾಯಿತು.

ಆ ಸಂಖ್ಯೆಯೇ ಐಎಂಇಐ. ಪ್ರಪಂಚದ ಪ್ರತಿ ಫೋನಿಗೂ ಪ್ರತ್ಯೇಕವಾಗಿ ನೀಡುವ ಈ ಗುರುತಿನಲ್ಲಿ ಮೊದಲ ಎಂಟು ಅಂಕಿಗಳು ಫೋನಿನ ಮಾದರಿಯನ್ನೂ ಮುಂದಿನ ಆರು ಆ ನಿರ್ದಿಷ್ಟ ಫೋನನ್ನೂ ಸೂಚಿಸುತ್ತವೆ, ಕೊನೆಯದು ಉಳಿದವು ಸರಿಯಾಗಿವೆಯೇ ಎಂದು ಪರೀಕ್ಷಿಸುವ ಅಂಕಿ. ಎರಡು ಸಿಮ್ ಹಾಕುವ ಫೋನಿಗೆ ಎರಡು ಸಂಖ್ಯೆಗಳಿರುತ್ತವೆ. ಸಿಮ್ ಬದಲಾದರೂ ಈ ಸಂಖ್ಯೆ ಬದಲಾಗದು, ಮತ್ತು ಹೊಸ ಸಿಮ್ ಹಾಕಿದ ಕೂಡಲೇ ಫೋನು ತನ್ನ ಐಎಂಇಐಯನ್ನು ಮೊಬೈಲ್ ಜಾಲಕ್ಕೆ ತಾನಾಗಿಯೇ ತಿಳಿಸುತ್ತದೆ. ಕೇಂದ್ರ ದೂರಸಂಪರ್ಕ ಇಲಾಖೆಯ ಸಿಇಐಆರ್ ಎಂಬ ಕೇಂದ್ರೀಯ ನೋಂದಣಿ ವ್ಯವಸ್ಥೆ ನಿಂತಿರುವುದು ಈ ಸತ್ಯದ ಮೇಲೆ. ಸಿ-ಡಾಟ್ ಸಂಸ್ಥೆ ರೂಪಿಸಿದ ಇದನ್ನು 2019ರಲ್ಲಿ ಮಹಾರಾಷ್ಟ್ರ ಮತ್ತು ದೆಹಲಿಗಳಲ್ಲಿ ಪ್ರಾಯೋಗಿಕವಾಗಿ ಆರಂಭಿಸಿ, 2023ರ ಮೇ ತಿಂಗಳಲ್ಲಿ ಸಂಚಾರ ಸಾಥಿ ಜಾಲತಾಣದ ಭಾಗವಾಗಿ ಇಡೀ ದೇಶಕ್ಕೆ ವಿಸ್ತರಿಸಲಾಯಿತು. ಮಹಾರಾಷ್ಟ್ರದ ಗಡಿ ದೂರವಿಲ್ಲದ, ಸಾಂಗ್ಲಿ-ಮಿರಜಗಳೊಂದಿಗೆ ದಿನನಿತ್ಯದ ಓಡಾಟವಿರುವ ಈ ಸೀಮೆಗೆ ದೇಶವ್ಯಾಪಿ ನೋಂದಣಿಯ ಬೆಲೆ ಬೇರೆ ಕಡೆಗಿಂತ ಹೆಚ್ಚು, ಏಕೆಂದರೆ ಕಬ್ಬಿನ ಗ್ಯಾಂಗಿನೊಂದಿಗೋ ಸಂತೆಯ ವ್ಯಾಪಾರಿಯೊಂದಿಗೋ ಗಡಿ ದಾಟಿದ ಫೋನು ಅಲ್ಲಿ ಸಿಮ್ ಹಾಕಿಸಿಕೊಂಡರೂ ಸುಳಿವು ಇಲ್ಲಿನ ಠಾಣೆಗೆ ಬರುತ್ತದೆ.

ಕ್ರಮ ಸರಳವಾಗಿ ಕಂಡರೂ ಅದರಲ್ಲಿ ಎಡವುವ ಜಾಗಗಳಿವೆ. ಮೊದಲು ಬ್ಯಾಂಕಿಗೆ ತಿಳಿಸಿ ಯುಪಿಐ ಪಾವತಿಯನ್ನು ನಿಲ್ಲಿಸಬೇಕು, ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು; ಅನಂತರ ಠಾಣೆಯಲ್ಲಿ ಅಥವಾ ರಾಜ್ಯ ಪೊಲೀಸರ ಇ-ಲಾಸ್ಟ್ ಸೇವೆಯಲ್ಲಿ ದೂರು ದಾಖಲಿಸಿ, ಅದೇ ನಂಬರಿನ ಬದಲಿ ಸಿಮ್ ಪಡೆದು, ದೂರಿನ ಪ್ರತಿ ಮತ್ತು ಗುರುತಿನ ಚೀಟಿಯೊಂದಿಗೆ ಸಿಇಐಆರ್‌ನಲ್ಲಿ ಫೋನನ್ನು ತಡೆಹಿಡಿಯುವ ಅರ್ಜಿ ಸಲ್ಲಿಸಬೇಕು. ಅರ್ಜಿಗೆ ಒಟಿಪಿ ಬೇಕು. ಹೊಸದಾಗಿ ಪಡೆದ ಸಿಮ್‌ಗೆ ಸುಮಾರು 24 ಗಂಟೆಗಳ ಕಾಲ ಎಸ್‌ಎಂಎಸ್ ಬರುವುದಿಲ್ಲ. ಸಿಮ್ ವಂಚನೆ ತಡೆಯಲು ಮಾಡಿದ ಈ ನಿಯಮ ತಿಳಿಯದವರು ಒಟಿಪಿಗಾಗಿ ಕಾದು, ಜಾಲತಾಣವೇ ಕೆಟ್ಟಿದೆ ಎಂದು ಬೈದು ಕೈಬಿಡುವುದುಂಟು. ಮರುದಿನ ಮಾಡಿದರೆ ಕೆಲಸ ಆಗುತ್ತದೆ. ತಡೆ ಜಾರಿಯಾದ ಮೇಲೆ ಆ ಫೋನಿನಲ್ಲಿ ಯಾರಾದರೂ ಸಿಮ್ ಹಾಕಿದರೆ ಜಾಲ ಅದನ್ನು ಗುರುತಿಸಿ ಪೊಲೀಸರಿಗೆ ಸುಳಿವು ಕಳಿಸುತ್ತದೆ.

ಸುಳಿವು ಸಿಗುವುದಕ್ಕೂ ಫೋನು ಸಿಗುವುದಕ್ಕೂ ಬಹಳ ಅಂತರವಿದೆ. ಕೇಂದ್ರ ಸರ್ಕಾರ 2025ರ ಡಿಸೆಂಬರಿನಲ್ಲಿ ನೀಡಿದ ಲೆಕ್ಕದ ಪ್ರಕಾರ ಸುಳಿವು ದೊರೆತ ಫೋನುಗಳು ಸುಮಾರು 26 ಲಕ್ಷ, ವಾರಸುದಾರರ ಕೈಸೇರಿದವು ಏಳು ಲಕ್ಷಕ್ಕೆ ತುಸು ಹೆಚ್ಚು. ಉಳಿದ ಕೆಲಸವನ್ನು ಯಾವ ತಂತ್ರಾಂಶವೂ ಮಾಡಲಾರದು. ಠಾಣೆಯ ಸಿಬ್ಬಂದಿ ಫೋನು ಹಿಡಿದವನಿಗೆ ಕರೆ ಮಾಡಿ, ಒಮ್ಮೆ ಮೆತ್ತಗೆ, ಒಮ್ಮೆ ಗಡುಸಾಗಿ ಹೇಳಿ, ಬೇರೆ ಜಿಲ್ಲೆಯಿಂದ ತರಿಸಬೇಕಾಗುತ್ತದೆ. ಬನಹಟ್ಟಿಯ ಆ ಫೋನನ್ನು ಬಳಸುತ್ತಿದ್ದವನು ಕದ್ದವನಾಗಿರಲಿಲ್ಲ, ಸಂತೆಯಲ್ಲಿ ಬಿಲ್ಲಿಲ್ಲದೆ ಅಗ್ಗಕ್ಕೆ ಕೊಂಡವನಾಗಿದ್ದನು. ಹಣವೂ ಹೋಯಿತು, ಫೋನೂ ಹೋಯಿತು ಎಂಬ ಅವನ ಸಂಕಟವೂ ಸುಳ್ಳಲ್ಲ. ಹಳೆಯ ಫೋನು ಕೊಳ್ಳುವ ಮೊದಲು ಕೆ, ವೈ, ಎಂ ಎಂಬ ಮೂರು ಇಂಗ್ಲಿಷ್ ಅಕ್ಷರಗಳ ಮುಂದೆ ಐಎಂಇಐ ಬರೆದು 14422ಕ್ಕೆ ಎಸ್‌ಎಂಎಸ್ ಕಳಿಸಿ ಅದರ ಸ್ಥಿತಿ ತಿಳಿಯುವ ಸೌಲಭ್ಯ ಇದ್ದರೂ ಬಳಸುವವರು ವಿರಳ. 2025ರ ನವೆಂಬರ್ ಕೊನೆಯಲ್ಲಿ ಸಂಚಾರ ಸಾಥಿ ಆ್ಯಪನ್ನು ಎಲ್ಲ ಹೊಸ ಫೋನುಗಳಲ್ಲಿ ಮೊದಲೇ ಅಳವಡಿಸಬೇಕೆಂದು ದೂರಸಂಪರ್ಕ ಇಲಾಖೆ ಹೊರಡಿಸಿದ ಆದೇಶ ಖಾಸಗಿತನದ ಆಕ್ಷೇಪಣೆಗಳಿಂದಾಗಿ ಡಿಸೆಂಬರ್ 3ರಂದು ಹಿಂದೆಗೆಯಲ್ಪಟ್ಟದ್ದು ಸರಿಯಾದ ನಿರ್ಧಾರವೆಂದೇ ತೋರುತ್ತದೆ. ಬೇಕಾದವರು ಹಾಕಿಕೊಳ್ಳಬಹುದಾದದ್ದನ್ನು ಎಲ್ಲರ ಮೇಲೆ ಹೇರುವ ಅಗತ್ಯವಿರಲಿಲ್ಲ.

ಬಿಲ್ಲು ಮಗನ ಹೆಸರಿನಲ್ಲಿದ್ದುದರಿಂದ ಅವನ ಕಂಪನಿಯ ಮಾತೂ ಆ ಮನೆಯಲ್ಲಿ ಬಂದೇ ಬರುತ್ತಿತ್ತು. ಈ ಭಾಗದ ಮನೆಗಳಲ್ಲಿ ಬೆಂಗಳೂರಿನ ಕಂಪನಿ ಬೇರೆಯವರ ಪಾಲಾಯಿತೆಂಬ ಸುದ್ದಿ ಬಂದಾಗ ಹಿರಿಯರು ಕೇಳುವುದು ಒಂದೇ: “ನೌಕರಿ ಉಳಿತೈತೇನಪಾ?” ಕಂಪನಿ ಹೀಗೆ ಕೈ ಬದಲಿಸುವಾಗ ದಾಖಲೆಯೇ ನಿರ್ಣಾಯಕವಾಗುವುದಕ್ಕೆ ಕರ್ನಾಟಕದ ಸ್ಪಷ್ಟ ನಿದರ್ಶನ ಮೈಂಡ್‌ಟ್ರೀ. 1999ರಲ್ಲಿ ಅಶೋಕ್ ಸೂಟ, ಸುಬ್ರೋತೊ ಬಾಗ್ಚಿ, ಕೃಷ್ಣಕುಮಾರ್ ನಟರಾಜನ್ ಮೊದಲಾದವರು ಬೆಂಗಳೂರಿನಲ್ಲಿ ಕಟ್ಟಿದ ಈ ಕಂಪನಿಯಲ್ಲಿ 2019ರ ಹೊತ್ತಿಗೆ ಸಂಸ್ಥಾಪಕರ ಬಳಿ ಉಳಿದಿದ್ದ ಪಾಲು ಶೇಕಡಾ 13ರಷ್ಟು. ಅದಕ್ಕಿಂತ ಹೆಚ್ಚು, ಶೇಕಡಾ 20ರಷ್ಟು, ಕೆಫೆ ಕಾಫಿ ಡೇ ಸ್ಥಾಪಕ ವಿ.ಜಿ. ಸಿದ್ಧಾರ್ಥ ಮತ್ತು ಅವರ ಸಂಸ್ಥೆಗಳ ಬಳಿ ಇತ್ತು. ಆ ಪಾಲನ್ನು ಲಾರ್ಸನ್ ಆ್ಯಂಡ್ ಟುಬ್ರೊ ಷೇರಿಗೆ 980 ರೂಪಾಯಿಯಂತೆ ಕೊಂಡು, ಉಳಿದ ಷೇರುದಾರರಿಗೂ ಬಹಿರಂಗ ಆಹ್ವಾನ ನೀಡಿದಾಗ ಸಂಸ್ಥಾಪಕರು ವಿರೋಧಿಸಿದರು, ಆದರೆ ಷೇರು ದಾಖಲೆಯ ಲೆಕ್ಕ ಅವರ ಪರವಾಗಿರಲಿಲ್ಲ; ಅದೇ ವರ್ಷದ ಮಧ್ಯಭಾಗದಲ್ಲಿ ಖರೀದಿದಾರನ ಪಾಲು ಶೇಕಡಾ 60ನ್ನು ದಾಟಿತು, ಆಡಳಿತದಲ್ಲಿದ್ದ ಸಂಸ್ಥಾಪಕರು ಹೊರನಡೆದರು.

ನಂತರ ಆದದ್ದು ಅನೇಕರು ಹೆದರಿದ್ದ ಕುಸಿತವಲ್ಲ. ಹೊಸ ಒಡೆತನದ ಮೊದಲ ವರ್ಷ ಲಾಭ 754 ಕೋಟಿಯಿಂದ 631 ಕೋಟಿಗೆ ಇಳಿದರೂ, 2018-19ರಲ್ಲಿ 7,021 ಕೋಟಿಯಷ್ಟಿದ್ದ ಆದಾಯ 2021-22ರಲ್ಲಿ 10,525 ಕೋಟಿಗೂ, ಲಾಭ 1,653 ಕೋಟಿಗೂ ಏರಿತು. ಕೋವಿಡ್ ಕಾಲದಲ್ಲಿ ಇಡೀ ತಂತ್ರಾಂಶ ಉದ್ಯಮಕ್ಕೆ ಬೇಡಿಕೆ ಉಕ್ಕಿದ್ದರಿಂದ ಇದೆಲ್ಲವನ್ನೂ ಹೊಸ ಒಡೆಯನ ಖಾತೆಗೇ ಹಾಕುವುದು ನ್ಯಾಯವಲ್ಲ. 2022ರ ನವೆಂಬರಿನಲ್ಲಿ ಕಂಪನಿಯು ಲಾರ್ಸನ್ ಆ್ಯಂಡ್ ಟುಬ್ರೊ ಸಮೂಹದ್ದೇ ಇನ್ನೊಂದು ತಂತ್ರಾಂಶ ಕಂಪನಿಯಾದ ಎಲ್‌ಟಿಐಯೊಂದಿಗೆ ವಿಲೀನಗೊಂಡು ಎಲ್‌ಟಿಐಮೈಂಡ್‌ಟ್ರೀ ಆಯಿತು.

ಬನಹಟ್ಟಿಯ ಮನೆಯಲ್ಲಿ ಫೋನು ಮರಳಿ ಬಂದ ಮೇಲೆಯೂ ಕೆಲಸ ಉಳಿದಿತ್ತು. ತಡೆಹಿಡಿದ ಫೋನಿನಲ್ಲಿ ಯಾವ ಸಿಮ್ಮೂ ನಡೆಯುವುದಿಲ್ಲವಾದ್ದರಿಂದ, ಅರ್ಜಿ ಸಲ್ಲಿಸಿದಾಗ ಬಂದ ಕೋರಿಕೆ ಸಂಖ್ಯೆಯನ್ನು ಕೊಟ್ಟು ಸಿಇಐಆರ್‌ನಲ್ಲಿಯೇ ತಡೆ ತೆರವುಗೊಳಿಸಬೇಕಾಗುತ್ತದೆ. ಎರಡು ಐಎಂಇಐಗಳನ್ನು ತಡೆದಿದ್ದರೆ ಎರಡೂ ತೆರವಾದವೇ ಎಂದು ಎರಡೂ ಸಿಮ್ ಜಾಗಗಳಲ್ಲಿ ಹಾಕಿ ನೋಡಬೇಕು. ಅದು ಮುಗಿದ ಮೇಲೆ ತಾಯಿಯ ಹೆಸರಿನಲ್ಲಿ ಹೊಸ ಗೂಗಲ್ ಖಾತೆ ತೆರೆದು, ಪಾಸ್‌ವರ್ಡನ್ನು ಮಜೂರಿಯ ಲೆಕ್ಕ ಬರೆಯುವ ವಹಿಯ ಹಿಂಬದಿಯಲ್ಲಿ ಬರೆದಿಡಲಾಯಿತು.