ಬಂದದ್ದನ್ನು ಬರೆಸಿಯೇ ಹೊರಡಿ

ಕಂಬಂ ಬಸ್ ನಿಲ್ದಾಣದ ಬಳಿ ಎರಡು ಬೈಕುಗಳು ಗುದ್ದಿಕೊಂಡವು ಎಂದಿಟ್ಟುಕೊಳ್ಳಿ. ಒಬ್ಬನ ಮೊಣಕಾಲು ತರಚಿ ರಕ್ತ ಸೋರಿತು. ಎದುರಿನ ಚಹಾ ಅಂಗಡಿಯವನು ಓಡಿ ಬಂದು ಎತ್ತಿ ಕೂರಿಸಿದ, ನೀರು ಕೊಟ್ಟ. ಪೊಲೀಸರು ಕೇಳಿದಾಗ ಕಂಡದ್ದನ್ನು ಹೇಳಿ ಮಹಜರಿಗೊಂದು ಸಹಿಯನ್ನೂ ಹಾಕಿದ. ಅವನ ಪಾಲಿಗೆ ಸಂಗತಿ ಅಲ್ಲಿಗೇ ಮುಗಿದಿತ್ತು. ಎಷ್ಟೋ ಕಾಲದ ಮೇಲೆ ಉತ್ತಮಪಾಳಯದ ಮ್ಯಾಜಿಸ್ಟ್ರೇಟ್ ಕೋರ್ಟಿನಿಂದ ಸಮನ್ಸ್ ಬರುತ್ತದೆ. ಅಂಗಡಿ ಮುಚ್ಚಿ ಹೋಗುತ್ತಾನೆ, ಸಂಜೆಯವರೆಗೆ ಜಗಲಿಯಲ್ಲಿ ನಿಲ್ಲುತ್ತಾನೆ, ‘ಇವತ್ತು ಆಗೋದಿಲ್ಲ, ವಾಯಿದೆ ಹಾಕಿದ್ದಾರೆ’ ಎಂಬ ಮಾತು ಕೇಳಿ ಬಸ್ ಹತ್ತುತ್ತಾನೆ. ಮುಂದಿನ ಸಲವೂ ಅದೇ ಕತೆ. ಗುದ್ದಿದವನಿಗೆ ಕೊನೆಗೆ ಬೀಳುವ ದಂಡಕ್ಕಿಂತ ನೋಡಿದವನು ಕಳೆದುಕೊಂಡ ವ್ಯಾಪಾರವೇ ಹೆಚ್ಚಾದರೆ ಆಶ್ಚರ್ಯವಿಲ್ಲ.

ಕಂಬಂ ಕಣಿವೆ, ಬೋಡಿ, ತೇನಿ, ದಿಂಡಿಗಲ್ ಸುತ್ತಮುತ್ತ ಮನೆಯೊಳಗೆ ಕನ್ನಡವಾಡುವ ಕಪ್ಪಿಲಿಯರು, ಅನುಪ್ಪರು, ಚಿನ್ನಾಳಪಟ್ಟಿಯಂಥ ನೇಕಾರ ಊರುಗಳ ದೇವಾಂಗರು ಇದ್ದಾರೆ. ಇವರಲ್ಲಿ ಬಹಳ ಜನರದು ಒಂದು ದಿನ ತಪ್ಪಿದರೆ ಒಂದು ದಿನದ ಗಳಿಕೆ ಹೋಯಿತು ಎನ್ನುವ ಬದುಕು. ಬೆಳಗಿನ ಜಾವ ಏಲಕ್ಕಿ ತೋಟಕ್ಕೆ ಆಳುಗಳನ್ನು ಹತ್ತಿಸಿಕೊಂಡು ಘಟ್ಟ ಏರುವ ಜೀಪು, ಸಾಕ್ಷಿ ಹೇಳಿ ಬರುತ್ತೇನೆಂದವರಿಗಾಗಿ ಕಾಯುವುದಿಲ್ಲ. ಕೊಲೆ ಮೊಕದ್ದಮೆಯ ಸಾಕ್ಷಿಗೆ ರಕ್ಷಣಾ ಯೋಜನೆಯಿದೆ. ಮಹೇಂದರ್ ಚಾವ್ಲಾ ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಕಾನೂನಿನ ಬಲವನ್ನೂ ಕೊಟ್ಟಿತು. ಆದರೆ ಆ ಯೋಜನೆ ಮುಖ್ಯವಾಗಿ ಘೋರ ಅಪರಾಧಗಳಿಗೆ. ಬೈಕ್ ಡಿಕ್ಕಿ, ಬದುವಿನ ಜಗಳ, ತೆಂಗಿನಕಾಯಿ ಕಳವು ಇಂಥವುಗಳ ಸಾಕ್ಷಿಗೆ ಬೆದರಿಕೆಗಿಂತ ಹೆಚ್ಚು ಕಾಡುವುದು ಕಾಯುವಿಕೆ.

ನ್ಯಾಯಾಲಯಗಳಿಗೆ ಇದು ಗೊತ್ತಿಲ್ಲದ್ದೇನಲ್ಲ. ಸ್ವರಣ್ ಸಿಂಗ್ ವಿರುದ್ಧ ಪಂಜಾಬ್ ರಾಜ್ಯ ಪ್ರಕರಣದಲ್ಲಿ, 2000ದಲ್ಲಿ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಾಧ್ವಾ ಅವರು ಸಾಕ್ಷಿಯ ಪಾಡನ್ನು ಮುಚ್ಚುಮರೆಯಿಲ್ಲದೆ ಬರೆದರು: ಅವನಿಗೆ ಕೂರಲು ಜಾಗವಿಲ್ಲ, ಕುಡಿಯಲು ನೀರಿಲ್ಲ, ವಾಯಿದೆಯ ಮೇಲೆ ವಾಯಿದೆ. ಮರುವರ್ಷ ಶಂಭುನಾಥ್ ಸಿಂಗ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಸಾಕ್ಷಿ ಬಂದು ನಿಂತಿರುವಾಗ ವಕೀಲರ ಅನನುಕೂಲಕ್ಕಾಗಿ ಮುಂದೂಡುವುದು ಸಲ್ಲದು ಎಂದಿತು. ಆ ತತ್ವಗಳು ಇಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 346ನೇ ಕಲಮಿನಲ್ಲಿವೆ. (ಅದಕ್ಕೂ ಮುಂಚೆ ವಿಚಾರಣೆಗೆ ಬಂದು ಉಳಿದಿರುವ ಪ್ರಕರಣಗಳು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಂತೆಯೇ ನಡೆಯುತ್ತವೆ. ಅಲ್ಲಿ ಇದು 309ನೇ ಕಲಮು.) ಹಾಜರಿರುವ ಸಾಕ್ಷಿಗಳ ವಿಚಾರಣೆ ಮುಗಿಯುವವರೆಗೆ ಕಲಾಪ ದಿನದಿನವೂ ನಡೆಯಬೇಕು. ಸಾಕ್ಷಿ ಬಂದಿರುವಾಗ ವಿಚಾರಿಸದೆ ಮುಂದೂಡುವುದಾದರೆ ವಿಶೇಷ ಕಾರಣವನ್ನು ಲಿಖಿತವಾಗಿ ದಾಖಲಿಸಬೇಕು. ವಕೀಲರು ಬೇರೆ ಕೋರ್ಟಿನಲ್ಲಿದ್ದಾರೆ ಎಂಬುದು ಕಾರಣವಲ್ಲ. ಪಾಟೀ ಸವಾಲಿಗೆ ಎದುರು ಪಕ್ಷ ಸಿದ್ಧವಿಲ್ಲದಿದ್ದರೆ ಇರುವಷ್ಟು ಸಾಕ್ಷ್ಯ ದಾಖಲಿಸಿ, ಸೂಕ್ತವೆಂದು ಕಂಡರೆ ಸವಾಲನ್ನೇ ಕೈಬಿಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ಮುಂದೂಡಿಕೆ ಕೇಳಿದ ಪಕ್ಷಕ್ಕೆ ಖರ್ಚು ಹೊರಿಸಲೂ ಬಹುದು.

ಇಷ್ಟೆಲ್ಲ ಇದ್ದೂ ಚಹಾ ಅಂಗಡಿಯವನು ಬರಿಗೈಲಿ ಮರಳುವುದೇಕೆ? ನನ್ನ ಅನಿಸಿಕೆಯಲ್ಲಿ ಕಾರಣ ಒಂದೇ. ಈ ರಕ್ಷಣೆಯೆಲ್ಲ ‘ಹಾಜರಿರುವ’ ಸಾಕ್ಷಿಗೆ. ಕೋರ್ಟಿನ ಹೊರಗೆ ಬೇವಿನ ಮರದಡಿ ನಿಂತವನು ಕಡತದ ಮಟ್ಟಿಗೆ ಹಾಜರಿಲ್ಲ. ಹೆಸರು ಕೂಗಿದಾಗ ಅವನು ಟೀ ಕುಡಿಯಲು ಹೋಗಿದ್ದರೆ, ಅಥವಾ ಕೋರ್ಟ್ ಡ್ಯೂಟಿಯ ಪೇದೆಗೆ ಮಾತ್ರ ಮುಖ ತೋರಿಸಿ ಸುಮ್ಮನಿದ್ದರೆ, ಆ ದಿನದ ನಡಾವಳಿಯಲ್ಲಿ ‘ಸಾಕ್ಷಿ ಗೈರು’ ಎಂದೇ ಬರೆಯಬಹುದು. ಆಗ ಮುಂದೂಡಲು ವಿಶೇಷ ಕಾರಣವೇ ಬೇಡ. ನಾಲ್ಕು ಸಲ ಬಂದುಹೋದವನ ಮೇಲೆ ಐದನೆಯ ಸಲ ವಾರಂಟ್ ಹೊರಡುವುದು ಹೀಗೆಯೇ.

ಆದ್ದರಿಂದ ಸಮನ್ಸ್ ಕೈಗೆ ಬಂದ ದಿನದಿಂದಲೇ ಕೆಲವು ಸಂಗತಿ ನೋಡಿಕೊಳ್ಳಿ. ಯಾವ ನ್ಯಾಯಾಲಯ, ಪ್ರಕರಣ ಸಂಖ್ಯೆ ಯಾವುದು, ದಿನಾಂಕ ಎಂದು ಎಂಬುದು ಅದರಲ್ಲೇ ಇರುತ್ತದೆ. ಉತ್ತಮಪಾಳಯಕ್ಕೆ ಹೋಗಬೇಕಾದವರು ಲಕ್ಷ್ಮೀಪುರದ ತೇನಿ ಜಿಲ್ಲಾ ನ್ಯಾಯಾಲಯದ ಸಂಕೀರ್ಣಕ್ಕೆ ಹೋದರೆ ಅರ್ಧ ದಿನ ಅಲ್ಲೇ ಕಳೆದಂತೆ. ಕಂಬಂ ಕಡೆಗೆ ರೈಲಿಲ್ಲ, ಬಸ್ಸೇ ಗತಿ. ಸಮನ್ಸನ್ನು ಈಗ ವಿದ್ಯುನ್ಮಾನ ಮಾರ್ಗದಲ್ಲೂ ಕಳಿಸಬಹುದು, ಆದರೆ ಅದರಲ್ಲಿ ನ್ಯಾಯಾಲಯದ ಮೊಹರಿನ ಚಿತ್ರವೋ ಡಿಜಿಟಲ್ ಸಹಿಯೋ ಇರಲೇಬೇಕು. ಮೊಹರಿಲ್ಲದೆ ಫೋನಿಗೆ ಬಂದು ‘ಹಣ ಕಟ್ಟಿ, ಇಲ್ಲವೇ ಬಂಧನ’ ಎನ್ನುವುದು ಸಮನ್ಸಲ್ಲ, ಮೋಸ. ಯಾವ ಕೋರ್ಟೂ ಸಾಕ್ಷಿಯಿಂದ ಫೋನಿನಲ್ಲಿ ದುಡ್ಡು ಕೇಳುವುದಿಲ್ಲ. ಅಂಚೆಯಲ್ಲಿ ಬಂದದ್ದನ್ನು ಬೇಡವೆಂದು ಹಿಂದಿರುಗಿಸಿದರೂ ಜಾರಿಯಾಯಿತೆಂದೇ ನ್ಯಾಯಾಲಯ ಪರಿಗಣಿಸಬಹುದು. ಮನೆಯಲ್ಲಿ ನೀವಿಲ್ಲದಾಗ ವಯಸ್ಕ ಸದಸ್ಯರ ಕೈಗೆ ಕೊಡಬಹುದು. ಹಿಂದೆ ಗಂಡಸರ ಕೈಗೇ ಕೊಡಬೇಕಿತ್ತು, ಹೊಸ ಸಂಹಿತೆ ಆ ಭೇದ ತೆಗೆದಿದೆ.

ನ್ಯಾಯಾಲಯದ ಸಮನ್ಸ್ ಬೇರೆ, ಪೊಲೀಸರ ನೋಟಿಸ್ ಬೇರೆ. ತನಿಖೆಯ ಹಂತದಲ್ಲಿ ಹೆಂಗಸರನ್ನು, 15ರೊಳಗಿನ ಹುಡುಗರನ್ನು, 60 ದಾಟಿದ ಗಂಡಸರನ್ನು, ಅಂಗವಿಕಲರನ್ನು, ತೀವ್ರ ಕಾಯಿಲೆಯವರನ್ನು ಸಾಕ್ಷಿಯಾಗಿ ಠಾಣೆಗೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ, ಅವರಿರುವಲ್ಲಿಗೇ ಬಂದು ಕೇಳಬೇಕು. ಪೊಲೀಸರು ಬರೆದುಕೊಂಡ ನಿಮ್ಮ ಹೇಳಿಕೆಗೆ ಸಹಿ ಕೊಡಬೇಕಿಲ್ಲ, ಅದನ್ನು ಪಡೆಯಬಾರದು ಎಂದೇ ಕಾನೂನು ಹೇಳುತ್ತದೆ. ಮಹಜರಿನ ಸಹಿ ಬೇರೆ ವಿಷಯ. ಶೋಧನೆಗೆ ಸಾಕ್ಷಿಯಾಗಿ ಸಹಿ ಹಾಕಿದವರು ನ್ಯಾಯಾಲಯ ಪ್ರತ್ಯೇಕವಾಗಿ ಸಮನ್ಸ್ ಮಾಡಿದರೆ ಮಾತ್ರ ಬಂದರೆ ಸಾಕು. ಇನ್ನು ಅಪಘಾತದಲ್ಲಿ ಗಾಯಾಳುವಿಗೆ ನೆರವಾದವನು ಹೆಸರು ಹೇಳಲೇಬೇಕೆಂದಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಮು ಮತ್ತು ಮರುವರ್ಷದ ನಿಯಮಗಳು ನೆರವಿಗೆ ಬಂದವನ ಪರವಾಗಿವೆ. ಸಾಕ್ಷಿಯಾಗಲು ಅವನೇ ಒಪ್ಪಬೇಕು. ನಮ್ಮ ಚಹಾ ಅಂಗಡಿಯವನು ಒಪ್ಪಿ ಹೆಸರು ಕೊಟ್ಟಿದ್ದಾನೆ, ಕೊಟ್ಟ ಮೇಲೆ ಸಮನ್ಸಿಗೆ ತಲೆಬಾಗಲೇಬೇಕು.

ತಲೆಬಾಗದಿದ್ದರೆ ಏನಾಗುತ್ತದೆ? ಮೊದಲು ಸಾಮಾನ್ಯವಾಗಿ ಜಾಮೀನು ಸಿಗುವ ವಾರಂಟ್. ಸರಿಯಾದ ಕಾರಣವಿಲ್ಲದೆ ಗೈರಾದರೆ ಆ ನ್ಯಾಯಾಲಯವೇ ಸಂಕ್ಷಿಪ್ತವಾಗಿ ವಿಚಾರಿಸಿ 500 ರೂಪಾಯಿಯವರೆಗೆ ದಂಡ ಹಾಕಬಹುದು. ಭಾರತೀಯ ನ್ಯಾಯ ಸಂಹಿತೆಯ 208ನೇ ಕಲಮಿನಡಿ ಇನ್ನೂ ದೊಡ್ಡ ಶಿಕ್ಷೆಗೂ ಅವಕಾಶವಿದೆ. ಜ್ವರವೋ ಮನೆಯಲ್ಲಿ ಸಾವೋ ಆಗಿದ್ದರೆ ಹೆದರಬೇಕಿಲ್ಲ. ಪ್ರಕರಣ ಸಂಖ್ಯೆ ಬರೆದ ಒಂದು ಚೀಟಿಯನ್ನು, ಇದ್ದರೆ ವೈದ್ಯರ ಪತ್ರದೊಂದಿಗೆ, ಅದೇ ದಿನ ಸರ್ಕಾರಿ ಅಭಿಯೋಜಕರಿಗೆ ಮುಟ್ಟಿಸಿ. ಹಾಸಿಗೆ ಹಿಡಿದವರು, ದೂರ ಹೋಗಿ ನೆಲೆಸಿದವರು ಆಯೋಗದ ಮೂಲಕ ಅಥವಾ ದೃಶ್ಯ-ಶ್ರಾವ್ಯ ಮಾಧ್ಯಮದಲ್ಲಿ ಸಾಕ್ಷ್ಯ ತೆಗೆದುಕೊಳ್ಳುವಂತೆ ಕೇಳಬಹುದು. ಎರಡಕ್ಕೂ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ದಾರಿಯಿದೆ, ಕೊಡುವುದು ಬಿಡುವುದು ನ್ಯಾಯಾಲಯದ ವಿವೇಚನೆ.

ಕೋರ್ಟಿನ ದಿನ ಬೆಳಿಗ್ಗೆ ಕಲಾಪ ಶುರುವಾಗುವ ಮೊದಲೇ ಹೋಗಿ ಬೆಂಚ್ ಕ್ಲರ್ಕಿಗೆ ಸಮನ್ಸ್ ತೋರಿಸಿ, ಅಭಿಯೋಜಕರಿಗೂ ತಿಳಿಸಿ. ಪೊಲೀಸ್ ಕೇಸಿನಲ್ಲಿ ನೀವು ಸರ್ಕಾರದ ಕಡೆಯ ಸಾಕ್ಷಿ, ನಿಮಗೆ ಸ್ವಂತ ವಕೀಲರು ಬೇಕಿಲ್ಲ. ವರ್ಷಗಳ ಹಿಂದೆ ಏನು ಹೇಳಿದ್ದೆ ಎಂಬುದು ಮರೆತಿದ್ದರೆ ಅಭಿಯೋಜಕರನ್ನು ಕೇಳಿ ತಿಳಿದುಕೊಳ್ಳಿ. ಮೊದಲು ಆ ದಿನದ ಎಲ್ಲ ಪ್ರಕರಣಗಳ ಕೂಗು, ಜಾಮೀನು, ಹೊಸ ಅರ್ಜಿ. ಸಾಕ್ಷ್ಯದ ಸರದಿ ಅವುಗಳ ಬಳಿಕ, ಕೆಲವೊಮ್ಮೆ ಊಟದ ಬಿಡುವಾದ ಮೇಲೆ. ಒಬ್ಬರ ಮಾತು ಕೇಳಿ ಇನ್ನೊಬ್ಬರು ಹೇಳಬಾರದೆಂದು ಸಾಕ್ಷಿಗಳನ್ನು ಹೊರಗೇ ನಿಲ್ಲಿಸುತ್ತಾರೆ. ನಿಮಗೆ ಬೆಲೆಯಿಲ್ಲ ಎಂದಲ್ಲ ಅದು, ಆದರೂ ಕೂರಲೊಂದು ಬೆಂಚಿಲ್ಲದಿದ್ದರೆ ಹಾಗೆ ಅನಿಸುವುದು ಸಹಜ. ಹೆಸರು ಕೂಗಿದಾಗ ಒಳಗೆ ಹೋಗಿ. ಮುಂದೂಡುವ ಸೂಚನೆ ಕಂಡರೆ ಬಾಗಿಲಲ್ಲಿ ನಿಂತು ಗೊಣಗಬೇಡಿ, ಮ್ಯಾಜಿಸ್ಟ್ರೇಟರಿಗೇ ನೇರವಾಗಿ, ತಗ್ಗಿದ ದನಿಯಲ್ಲಿ ಹೇಳಿ: ‘ಅಯ್ಯಾ, ನಾನು ಈ ಕೇಸಿನ ಸಾಕ್ಷಿ, ಬಂದಿದ್ದೇನೆ, ಹಿಂದಿನ ವಾಯಿದೆಗೂ ಬಂದಿದ್ದೆ. ಇವತ್ತೇ ವಿಚಾರಿಸಲು ಆಗುತ್ತದೆಯೇ?’ ಇದು ಉದ್ಧಟತನವಲ್ಲ, ಇಷ್ಟು ಕೇಳುವುದಕ್ಕೆ ಯಾರ ಅಪ್ಪಣೆಯೂ ಬೇಡ. ಆದರೂ ಮುಂದೂಡಿದರೆ ನೀವು ಬಂದಿದ್ದಿರಿ ಎಂಬುದು ನಡಾವಳಿಯಲ್ಲಿ ಬರಲಿ. ಮುಂದಿನ ದಿನಾಂಕಕ್ಕೆ ಬರುತ್ತೇನೆಂದು ಸಹಿ ಹಾಕಿಸಿಕೊಂಡರೆ ಮತ್ತೆ ಸಮನ್ಸಿಗಾಗಿ ಕಾಯಬೇಡಿ, ಆ ಸಹಿಯೇ ನಿಮ್ಮನ್ನು ಕಟ್ಟಿಹಾಕುತ್ತದೆ.

ಮ್ಯಾಜಿಸ್ಟ್ರೇಟರು ರಜೆಯಲ್ಲಿದ್ದರೆ ಯಾರೂ ಏನೂ ಮಾಡಲಾಗದು. ವಕೀಲರ ಬಹಿಷ್ಕಾರದ ದಿನವೂ ಹೆಚ್ಚುಕಡಿಮೆ ಅದೇ ಹಾಡು. ವಕೀಲರಿಗೆ ಮುಷ್ಕರ ಹೂಡುವ ಹಕ್ಕಿಲ್ಲವೆಂದು ಹರೀಶ್ ಉಪ್ಪಲ್ ಪ್ರಕರಣದಲ್ಲಿ 2002ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ತಮಿಳುನಾಡಿನ ಕೋರ್ಟುಗಳ ಪರಿಚಯವಿದ್ದವರಿಗೆ ಆ ತೀರ್ಪಿನ ಪಾಡೂ ಪರಿಚಯವಿದೆ. ಹೊರಡುವ ಮುಂಚೆ ಇ-ಕೋರ್ಟ್ಸ್ ಆ್ಯಪಿನಲ್ಲಿ ಪ್ರಕರಣದ 16 ಅಂಕಿ-ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಹಾಕಿ ದಿನಾಂಕ ಬದಲಾಗಿದೆಯೇ ನೋಡಿಕೊಂಡರೆ ಕೆಲವು ವ್ಯರ್ಥ ಪ್ರಯಾಣ ತಪ್ಪುತ್ತದೆ. ಸಂಖ್ಯೆಯನ್ನು ಬೆಂಚ್ ಕ್ಲರ್ಕಿನಿಂದ ಮೊದಲ ದಿನವೇ ಬರೆದುಕೊಳ್ಳಿ.

ದುಡ್ಡಿನ ಮಾತು. ಕ್ರಿಮಿನಲ್ ಪ್ರಕರಣದಲ್ಲಿ ಹಾಜರಾದ ಸಾಕ್ಷಿಗೆ ಸಮಂಜಸ ಖರ್ಚನ್ನು ಸರ್ಕಾರದಿಂದ ಕೊಡಿಸುವ ಅಧಿಕಾರ ನ್ಯಾಯಾಲಯಕ್ಕಿದೆ (ನಾಗರಿಕ ಸುರಕ್ಷಾ ಸಂಹಿತೆಯ 350ನೇ ಕಲಮು). ಕೊಡಲೇಬೇಕು ಎಂದಿಲ್ಲ, ‘ಸೂಕ್ತವೆಂದು ಕಂಡರೆ’ ಎಂದಿದೆ. ಕೇಳದವರಿಗೆ ಸೂಕ್ತವೆಂದು ಕಾಣುವುದು ಕಡಿಮೆ. ಬಸ್ ಟಿಕೆಟು ಇಟ್ಟುಕೊಳ್ಳಿ, ಸಾಕ್ಷ್ಯ ಮುಗಿದೊಡನೆ ಅಥವಾ ಮುಂದೂಡಿದ ಹೊತ್ತಿಗೇ ಭತ್ಯೆ ಕೇಳಿ. ಸಿಗುವ ಮೊತ್ತ ಕೂಲಿಗೆ ಸಮನಾಗುತ್ತದೆಂಬ ಭರವಸೆ ಬೇಡ. ಕೆಲಸಕ್ಕೆ ಹೋಗುವವರು ಹಾಜರಾತಿಯ ದೃಢೀಕರಣ ಪತ್ರವನ್ನೂ ಕೇಳಿ ಪಡೆಯಬೇಕು. ಸಿವಿಲ್ ದಾವೆಯ ರೀತಿ ಬೇರೆ: ನಿಮ್ಮನ್ನು ಕರೆಸುವ ಪಕ್ಷಗಾರನೇ ಪ್ರಯಾಣ ಮತ್ತು ಒಂದು ದಿನದ ಖರ್ಚನ್ನು ಮೊದಲೇ ಕೋರ್ಟಿಗೆ ಕಟ್ಟಬೇಕು. ತುಂಬ ದೂರದವರನ್ನು ಖುದ್ದು ಬರಿಸುವುದಕ್ಕೂ ಅಲ್ಲಿ ಮಿತಿಯಿದೆ. ನಿಮ್ಮನ್ನು ತಿಂಗಳುಗಟ್ಟಲೆ ಅಲೆಸುವುದು ಹೆಚ್ಚಾಗಿ ಕ್ರಿಮಿನಲ್ ಕೇಸೇ.

ಕಟಕಟೆಯಲ್ಲಿ ಸಿನಿಮಾದಂತೆ ಭಗವದ್ಗೀತೆ ಮುಟ್ಟಿಸುವುದಿಲ್ಲ. 1969ರ ಪ್ರಮಾಣ ಕಾಯ್ದೆಯಂತೆ ದೇವರ ಹೆಸರಿನಲ್ಲೋ, ಬೇಡವಾದರೆ ಸತ್ಯನಿಷ್ಠೆಯ ಹೆಸರಿನಲ್ಲೋ ಪ್ರಮಾಣ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ, ನೆನಪಿಲ್ಲದ್ದಕ್ಕೆ ನೆನಪಿಲ್ಲ ಎನ್ನುವುದು ಸುಳ್ಳಲ್ಲ. ಗೊತ್ತಿದ್ದೂ ತಿರುಚಿ ಹೇಳುವುದು ಸುಳ್ಳು ಸಾಕ್ಷ್ಯ, ಅದಕ್ಕೆ ಏಳು ವರ್ಷದವರೆಗೆ ಸಜೆ. ಅವಮಾನಿಸಲೆಂದೇ ಕೇಳುವ ಪ್ರಶ್ನೆಯನ್ನು ನ್ಯಾಯಾಲಯ ತಡೆಯಬೇಕೆಂದು ಸಾಕ್ಷ್ಯ ಅಧಿನಿಯಮ ಹೇಳುತ್ತದೆ. ಅಂಥದ್ದು ಬಂದಾಗ ವಕೀಲರತ್ತ ನೋಡದೆ ಮ್ಯಾಜಿಸ್ಟ್ರೇಟರತ್ತ ನೋಡಿ.

ಭಾಷೆಯ ತೊಡಕೂ ಒಂದಿದೆ. ಕಣಿವೆಯ ಕನ್ನಡಿಗರಿಗೆ ತಮಿಳು ಚೆನ್ನಾಗಿ ಬರುತ್ತದೆ, ಓದು ಬರಹವೂ ಅದರಲ್ಲೇ. ಆದರೂ ಮನೆಯ ಹಿರಿಯ ಅಜ್ಜಿಯೊಬ್ಬಳಿಗೆ, ಅದರಲ್ಲೂ ಗದರುವ ಪಾಟೀ ಸವಾಲಿನ ನಡುವೆ, ನಾಲಗೆಗೆ ಮೊದಲು ಬರುವುದು ಮನೆಮಾತು. ತಮಿಳಿನಲ್ಲಿ ಸರಿಯಾಗಿ ಹೇಳಲಾಗದು ಎನಿಸಿದರೆ ಪ್ರಮಾಣ ಮಾಡುವ ಮೊದಲೇ ಹೇಳಿ, ದುಭಾಷಿಯನ್ನು ಕೇಳಬೇಕು. ದುಭಾಷಿ ನಿಜವನ್ನೇ ತಿರುಗಿಸಿ ಹೇಳಲು ಕಾನೂನಿನಿಂದ ಬದ್ಧ. ಎರಡು ವರ್ಷಕ್ಕಿಂತ ಹೆಚ್ಚು ಶಿಕ್ಷೆಯ ಪ್ರಕರಣಗಳಲ್ಲಿ ದಾಖಲಾದ ಸಾಕ್ಷ್ಯವನ್ನು ಸಾಕ್ಷಿಗೆ ಓದಿ ಹೇಳಬೇಕು, ಬರೆದ ಭಾಷೆ ತಿಳಿಯದಿದ್ದರೆ ಆಡಿದ ಭಾಷೆಯಲ್ಲಿ ವಿವರಿಸಬೇಕು. ತಪ್ಪು ಕಂಡರೆ ಅಲ್ಲೇ ಹೇಳಿ. ಅದಕ್ಕಿಂತ ಸಣ್ಣ ಕೇಸುಗಳಲ್ಲಿ ಸಾರಾಂಶ ಮಾತ್ರ ಬರೆದುಕೊಳ್ಳುವುದರಿಂದ ಅಲ್ಲಿ ನಿಮ್ಮ ಎಚ್ಚರ ಇನ್ನಷ್ಟು ಬೇಕು.

ಕೊನೆಯದಾಗಿ ರಾಜಿ. ಸಣ್ಣ ಹೊಡೆದಾಟದಂಥ ಪ್ರಕರಣಗಳನ್ನು ಪಕ್ಷಗಾರರು ತಮ್ಮೊಳಗೇ, ಇಲ್ಲವೇ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಬಹುದು. ಇನ್ನು ಕೆಲವಲ್ಲಿ ಆರೋಪಿ ತಪ್ಪೊಪ್ಪಿ ದಂಡ ಕಟ್ಟಿಬಿಡುತ್ತಾನೆ. ಎರಡೂ ಕಡೆಯವರು ಕೈಕುಲುಕಿ ಮನೆಗೆ ಹೋದದ್ದನ್ನು ಸಾಕ್ಷಿಗೆ ಹೇಳಿಕಳಿಸುವವರಿಲ್ಲ. ಒಂದೇ ಊರು, ಒಂದೇ ಬಂಧುಬಳಗವಾದರೆ ‘ಎಲ್ಲ ಮುಗೀತು, ಇನ್ನು ನೀನು ಬರಬೇಡ ಮಾಮ’ ಎಂದು ಯಾರಾದರೂ ಹೇಳಲೂಬಹುದು. ಆ ಮಾತಿನ ಮೇಲೆ ಗೈರಾದರೆ ವಾರಂಟ್ ನಿಮ್ಮ ಹೆಸರಿಗೇ ಬರುತ್ತದೆ, ಹೇಳಿದವರ ಹೆಸರಿಗಲ್ಲ. ಆ್ಯಪಿನಲ್ಲಿ ಪ್ರಕರಣ ವಿಲೇವಾರಿಯಾಗಿದೆ ಎಂದು ಕಾಣುತ್ತದೆಯೇ ನೋಡಿ. ಅನುಮಾನವಿದ್ದರೆ ಬೆಂಚ್ ಕ್ಲರ್ಕನ್ನು, ಇಲ್ಲವೇ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ, ಕಾನೂನು ನೆರವಿನ 15100ಕ್ಕೆ ಕರೆ ಮಾಡಿದರೂ ಆದೀತು. ಅಲ್ಲಿಯವರೆಗೆ ಸಮನ್ಸನ್ನು ಹರಿದು ಎಸೆಯಬೇಡಿ.